ಉತಾರದೊಳಗಿನ ಹೆಸರು

ಪೇಟೆಯಲ್ಲಿರುವ ನಮಗೆ ಹಂಗಾಮು ಬಂದದ್ದು ಗೊತ್ತಾಗುವುದು ಸಂತೆಯ ಬುಟ್ಟಿಯಿಂದ. ಹಸಿ ಕಡಲೆಗಿಡ ಕಂಡರೆ ಚಳಿ ಬಂತು, ಸೀತನಿ ಕಂಡರೆ ಜೋಳ ಹಾಲುಗಟ್ಟಿತು ಎಂದು ಲೆಕ್ಕ. ಎಳ್ಳಮಾವಾಸ್ಯೆಗೆ ಯಾರದಾದರೂ ಹೊಲಕ್ಕೆ ಬುತ್ತಿ ಕಟ್ಟಿಕೊಂಡು ಹೋಗಿ, ಚರಗ ಚೆಲ್ಲಿ, ಸಜ್ಜಿ ರೊಟ್ಟಿ ಶೇಂಗಾ ಹೋಳಿಗೆ ಉಂಡು ಬಂದರೆ ನಮ್ಮ ಒಕ್ಕಲುತನ ಆ ವರ್ಷಕ್ಕೆ ಮುಗಿಯಿತು.

ಸರಕಾರಕ್ಕೆ ಹಂಗಾಮು ಬರುವ ದಾರಿ ಬೇರೆ. ಮಳೆಗಾಲಕ್ಕೆ ಮೊದಲು ಮುಂಗಾರಿನ ಸಭೆ, ಉತ್ತರಿ ಮಳೆಯ ಹೊತ್ತಿಗೆ ಹಿಂಗಾರಿನ ಸಭೆ. ಇಷ್ಟು ಹೆಕ್ಟೇರ್ ತೊಗರಿ, ಇಷ್ಟು ಬಿಳಿಜೋಳ, ಇಷ್ಟು ಕಡಲೆ ಎಂದು ಬಿತ್ತನೆಯ ಗುರಿ ಬರೆಯುತ್ತಾರೆ. ಅದಕ್ಕೆ ತಕ್ಕಂತೆ ಬೀಜ ಗೊಬ್ಬರದ ದಾಸ್ತಾನು ನೋಡುತ್ತಾರೆ. ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ರಿಯಾಯಿತಿ ದರದ ಬೀಜ ಸಿಗುತ್ತದೆ. ಬೆಳೆ ಹೋದರೆ ಎಂದು ವಿಮೆ ಇದೆ. 2016ರಿಂದ ನಡೆದಿರುವ ಫಸಲ್ ಬಿಮಾದಲ್ಲಿ ಮುಂಗಾರಿನ ಕಾಳುಕಡಿಗೆ ರೈತ ಕಟ್ಟುವುದು ವಿಮೆ ಮೊತ್ತದ ನೂರಕ್ಕೆ 2, ಹಿಂಗಾರಿಗೆ ಒಂದೂವರೆ. ಬೆಳೆ ಬಂದರೆ ಎಂದು ಬೆಂಬಲ ಬೆಲೆಯೂ ಇದೆ. ನಮ್ಮ ಮಾಲದಂಡಿ ಜೋಳಕ್ಕೆ 2025-26ರಲ್ಲಿ ಕ್ವಿಂಟಲಿಗೆ 3,749 ರೂಪಾಯಿ ನಿಗದಿಯಾಯಿತು.

ಇದನ್ನೆಲ್ಲ ನಾನು ಹಗುರಾಗಿ ಕಾಣುವವಳಲ್ಲ. ಬರವನ್ನು ಹೊತ್ತೇ ಬದುಕಿದ ಜಿಲ್ಲೆ ನಮ್ಮದು. 1876ರಿಂದ 78ರವರೆಗಿನ ಬರದಲ್ಲಿ ಈ ಸೀಮೆಯ ಊರೂರೇ ಬರಿದಾದದ್ದನ್ನು ನಮ್ಮ ಹಿರಿಯರು ತಮ್ಮ ಹಿರಿಯರಿಂದ ಕೇಳಿ ಹೇಳುತ್ತಿದ್ದರು. ಒಣ ಬೇಸಾಯದ ಸಂಶೋಧನೆಗೆಂದು ದೇಶದಲ್ಲಿ ಮೊದಲು ಆರಿಸಿದ ಕೆಲವೇ ಜಾಗಗಳಲ್ಲಿ ವಿಜಯಪುರವೂ ಒಂದು. ಅದು 1930ರ ದಶಕದ ಮಾತು. 1942-43ರ ಬರದಲ್ಲಿ ಸರಕಾರ ಜನರಿಗೆ ಬದು ಹಾಕುವ ಕೆಲಸ ಕೊಟ್ಟಿತು. ಮಣ್ಣು ಕಡಿದವರಿಗೆ ಕೂಲಿ. ಆ ಬದು ಯಾರ ಹೊಲದಲ್ಲಿ ಎದ್ದಿತೆಂಬುದು ಕೂಲಿ ಕೊಡುವಾಗ ಮುಖ್ಯವಾಗಿರಲಿಲ್ಲ. ಈ ಮಾತನ್ನು ಇಲ್ಲಿ ಯಾಕೆ ತಂದೆನೆಂಬುದು ಮುಂದೆ ತಿಳಿಯುತ್ತದೆ.

ಬಬಲೇಶ್ವರ ತಾಲ್ಲೂಕಿನ ಸಾರವಾಡದ ಕಡೆ ನನಗೆ ನಾಲ್ಕು ಎಕರೆ ಎರೆಹೊಲ ಇದೆ. ತವರಿನ ಆಸ್ತಿ. ಮಗಳಿಗೂ ಮಗನಷ್ಟೇ ಹಕ್ಕು ಎಂದು 2005ರಲ್ಲಿ ಕಾಯಿದೆ ಬದಲಾದ ಮೇಲೂ ನನ್ನ ಹೆಸರು ಉತಾರಕ್ಕೆ ಏರಲು ಎಷ್ಟೋ ವರ್ಷ ಹಿಡಿಯಿತು. 'ನಿನಗ ನೌಕರಿ ಐತಿ, ಹೊಲ ಯಾಕ?' ಎಂದವರು ಹೊರಗಿನವರಲ್ಲ. ಕೊನೆಗೆ ಹೆಸರು ಏರಿದ ದಿನ ಆ ಕಾಗದವನ್ನು ಎರಡು ಮೂರು ಸಲ ಓದಿಕೊಂಡೆ. ತಂದೆಯ ಹೆಸರಿದ್ದ ಕಡೆ ಮಗಳ ಹೆಸರು. ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರಿಗಾದರೂ ಆ ಸುಖ ಗೊತ್ತಿರಬೇಕು. ಗೊತ್ತಿಲ್ಲದವರು ಅದನ್ನು ಕೇಳಿ ಪಡೆಯಿರಿ ಎಂದು ನಡುವೆಯೇ ಹೇಳಿಬಿಡುತ್ತೇನೆ.

ಆದರೆ ನಾನು ಒಕ್ಕಲುತನ ಮಾಡುವವಳಲ್ಲ. ಮೂವತ್ತೆರಡು ವರ್ಷ ಸಾಲೆಯಲ್ಲಿ ಕಲಿಸಿ ಈಗ ನಿವೃತ್ತಿ ವೇತನದಲ್ಲಿದ್ದೇನೆ. ಹೊಲ ಪಾಲಿಗೆ ಹಾಕಿದೆ. ಮಾಡುವಾಕೆ ಅದೇ ಊರಿನವಳು. ಆಕೆಯ ಹೆಸರು ಬರೆಯುವುದಿಲ್ಲ, ಊರು ಸಣ್ಣದು. ಗಂಡ ತಿಕೋಟಾದ ದ್ರಾಕ್ಷಿ ತೋಟವೊಂದರಲ್ಲಿ ಪಗಾರಕ್ಕೆ ದುಡಿಯುತ್ತಾನೆ. ಚಾಟನಿ, ಔಷಧ ಹೊಡೆಯುವುದು, ಬೇಸಿಗೆಯಲ್ಲಿ ಮಣೂಕದ ಶೆಡ್ಡು ಎಂದು ಹದಿನೈದು ದಿನಕ್ಕೊಮ್ಮೆ ಊರಿಗೆ ಬಂದರೆ ಬಂದ. ಹರಗಿಸುವುದು, ಬಿತ್ತಿಸುವುದು, ಕಸ ತೆಗೆಯುವುದು, ಯಾವ ಮಳೆಗೆ ಯಾವ ಬೀಜ ಎಂದು ತೀರ್ಮಾನಿಸುವುದು ಎಲ್ಲ ಆಕೆಯದೇ. ಬೀಜ ಗೊಬ್ಬರಕ್ಕೆ ಇಬ್ಬರೂ ಅರ್ಧರ್ಧ, ದುಡಿಮೆ ಆಕೆಯದು, ರಾಶಿಯಲ್ಲಿ ಇಬ್ಬರಿಗೂ ಅರ್ಧರ್ಧ. ನಮ್ಮ ಕಡೆ ನಡೆದುಬಂದ ಪದ್ಧತಿ ಇದು.

ಪದ್ಧತಿ ಏನೋ ಹೌದು, ಕಾಗದದಲ್ಲಿ ಮಾತ್ರ ಇಲ್ಲ. 'ಉಳುವವನೇ ಒಡೆಯ' ಎಂದು ದೇವರಾಜ ಅರಸರ ಕಾಲದಲ್ಲಿ ಬಂದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಯಾಯಿತು. ಗೇಣಿ ಎಂಬುದೇ ಇನ್ನಿಲ್ಲ ಎಂದಿತು. ಎಷ್ಟೋ ಮನೆತನಗಳಿಗೆ ನೆಲ ಕೊಟ್ಟ ದೊಡ್ಡ ಕಾಯಿದೆ ಅದು, ಅದರ ಬಗ್ಗೆ ನನಗೆ ಗೌರವವಿದೆ. ಆದರೆ ಗೇಣಿ ಇಲ್ಲ ಎಂದು ಬರೆದ ಮೇಲೆ, ನಂತರ ಹೊಲ ಪಾಲಿಗೆ, ಲಾವಣಿಗೆ ಮಾಡಿದವರೂ ಇಲ್ಲದವರೇ ಆದರು. ಉತಾರದಲ್ಲಿ 9ನೆಯ ಕಾಲಮ್ಮು ಒಡೆಯರದು, 12ನೆಯದು ಸಾಗುವಳಿ ಮಾಡುವವರದು. ಆ 12ರಲ್ಲಿ ಬೇರೆಯವರ ಹೆಸರು ಬಂದರೆ ಹೊಲ ಹೋದಂತೆ ಎಂಬ ಹೆದರಿಕೆ ಐವತ್ತು ವರ್ಷವಾದರೂ ನಮ್ಮ ಮನೆಗಳಿಂದ ಹೋಗಿಲ್ಲ. ಹೀಗಾಗಿ ಎರಡೂ ಕಾಲಮ್ಮಿನಲ್ಲಿ ಒಡೆಯರೇ. ನನ್ನ ಉತಾರದ ಪ್ರಕಾರ ನಾಲ್ಕು ಎಕರೆಯನ್ನೂ ಬಿತ್ತಿ ಬೆಳೆಯುವವಳು ನಾನು, ಎಡೆ ಹೊಡೆಯಲು ಬಾರದ ನಾನು.

ಸರಕಾರಕ್ಕೆ ಆಕೆ ಗೊತ್ತೇ ಇಲ್ಲವೆಂದಲ್ಲ. ಉದ್ಯೋಗ ಖಾತ್ರಿಯ ಜಾಬ್ ಕಾರ್ಡಿನಲ್ಲಿ ಆಕೆಯ ಹೆಸರು ಕೂಲಿಕಾರಳೆಂದು ಬಂದಿತ್ತು. 2023ರ ಆಗಸ್ಟಿನಲ್ಲಿ ಗೃಹಲಕ್ಷ್ಮಿ ಬಂದಾಗ ಮನೆಯ ಯಜಮಾನಿ ಎಂದು ಆಕೆಯ ಹೆಸರು ಸೇರಿತು. ಕೂಲಿಕಾರಳು ಹೌದು, ಯಜಮಾನಿ ಹೌದು, ರೈತಳು ಮಾತ್ರ ಅಲ್ಲ. ಸ್ವಾಮಿನಾಥನ್ ಆಯೋಗ ಕೆಲಸ ಮುಗಿಸಿದ ಮೇಲೆ ಬಂದ 2007ರ ರಾಷ್ಟ್ರೀಯ ರೈತ ನೀತಿಯಲ್ಲಿ ಪಾಲಿಗೆ ಮಾಡುವವರನ್ನೂ ಕೂಲಿ ಮಾಡುವವರನ್ನೂ ರೈತರೆಂದೇ ಕರೆದಿದೆ. 2012ರಲ್ಲಿ ಸ್ವಾಮಿನಾಥನ್ನರು ರೈತ ಮಹಿಳೆಯರ ಹಕ್ಕಿಗಾಗಿ ರಾಜ್ಯಸಭೆಯಲ್ಲಿ ಖಾಸಗಿ ಮಸೂದೆಯನ್ನೂ ಮಂಡಿಸಿದ್ದರು. ಅದು ಕಾಯಿದೆಯಾಗದೆ ಬಿದ್ದುಹೋಯಿತು. 2026ನ್ನು ವಿಶ್ವಸಂಸ್ಥೆ ರೈತ ಮಹಿಳೆಯ ವರ್ಷ ಎಂದು ಸಾರಿದೆ. ನ್ಯೂಯಾರ್ಕಿನಲ್ಲಿ ಸಾರಿದ್ದು ಸಾರವಾಡದ ಉತಾರಕ್ಕೆ ಇಳಿಯಲು ಎಷ್ಟು ಕಾಲ ಬೇಕೋ.

ಈಗ ನನ್ನನ್ನು ಕಾಡಿದ ಸಂಗತಿಗೆ ಬರುತ್ತೇನೆ. 2023ರ ಮುಂಗಾರು ನೆನಪಿರಬೇಕು. ಜೂನ್ ಒಣಗಿತು, ಜುಲೈಯಲ್ಲಿ ಒಂದಿಷ್ಟು ಹನಿದು ಆಸೆ ಹುಟ್ಟಿಸಿತು, ಆಗಸ್ಟ್ ಮತ್ತೆ ಕೈಕೊಟ್ಟಿತು. ಡೋಣಿ ಹರಿದರೆ ಓಣಿಯೆಲ್ಲ ಜೋಳ ಎನ್ನುವ ನಾಡಿನಲ್ಲಿ ಆ ವರ್ಷ ಓಣಿಗೆ ಏನೂ ಬರಲಿಲ್ಲ. ನಮ್ಮ ಹೊಲದ ತೊಗರಿ ಮೊಣಕಾಲುದ್ದಕ್ಕೆ ನಿಂತುಬಿಟ್ಟಿತು. ರಾಜ್ಯದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದರು. 2024ರ ಜನವರಿಯಲ್ಲಿ ರಾಜ್ಯ ಸರಕಾರ ಮೊದಲ ಕಂತೆಂದು 2,000 ರೂಪಾಯಿವರೆಗೆ ಕೊಟ್ಟಿತು. ಉಳಿದದ್ದಕ್ಕಾಗಿ ದಿಲ್ಲಿಯೊಂದಿಗೆ ಜಗ್ಗಾಟ ನಡೆದು ಸುಪ್ರೀಂ ಕೋರ್ಟಿಗೂ ಹೋಯಿತು. 18,171 ಕೋಟಿ ಕೇಳಿದ್ದಕ್ಕೆ ಏಪ್ರಿಲಿನಲ್ಲಿ 3,454 ಕೋಟಿ ಮಂಜೂರಾಯಿತು. ಒಣ ಬೇಸಾಯಕ್ಕೆ ಹೆಕ್ಟೇರಿಗೆ 8,500ರಂತೆ, ಎರಡು ಹೆಕ್ಟೇರಿನ ಮಿತಿಯಲ್ಲಿ, ಹಣ ನೇರವಾಗಿ ಖಾತೆಗೆ ಬಂತು. ನಡುವೆ ತಿನ್ನುವವರಿಲ್ಲ, ಯಾರ ಕೈಕಾಲು ಹಿಡಿಯಬೇಕಾಗಿಲ್ಲ. ಮೆಚ್ಚುವ ಮಾತೇ.

ಬಂದದ್ದು ನನ್ನ ಖಾತೆಗೆ. ಎರಡು ಕಂತು ಸೇರಿ 13 ಸಾವಿರ ಚಿಲ್ಲರೆ.

ಅಣ್ಣ ಹೇಳಿದ, 'ನಿನ್ನ ಹೊಲ, ನಿನ್ನ ರೊಕ್ಕ. ಆಕೀಗೆ ಯುಗಾದಿಗೊಂದು ಸೀರಿ ಕೊಡು, ಮುಗೀತು. ಬೆಳಿ ಬಂದ ವರ್ಷ ಆಕಿ ತನ್ನ ಅರ್ಧಾ ಒಯ್ತಾಳಲ್ಲ? ಹೋದ ವರ್ಷ ನಿನ್ನ ಅರ್ಧಾನೂ ಹೋತು.' ಇದನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ನಷ್ಟ ನನಗೂ ಆಗಿದೆ. ಆದರೆ ನನಗೆ ಆದ ನಷ್ಟ ಬರಬೇಕಾದದ್ದು ಬರಲಿಲ್ಲ ಎಂಬುದು. ಆಕೆಗೆ ಆದದ್ದು ಕೊಟ್ಟದ್ದೇ ಹೋಯಿತು ಎಂಬುದು. ಐದು ತಿಂಗಳ ದುಡಿಮೆ, ಟ್ರ್ಯಾಕ್ಟರಿನ ಬಾಡಿಗೆ, ಅಂಗಡಿಯ ಉದ್ರಿ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ಸಮ ಎನ್ನಲು ನನ್ನಿಂದಾಗದು. ಸರಕಾರವೇ ಈ ಹಣಕ್ಕೆ ಇಟ್ಟ ಹೆಸರು ಇನ್‌ಪುಟ್ ಸಬ್ಸಿಡಿ. ನೆಲದೊಳಗೆ ಹಾಕಿ ಕಳೆದುಕೊಂಡದ್ದಕ್ಕೆ ಒಂದಿಷ್ಟು ನೆರವು ಎಂದರ್ಥ. ಹಾಗಾದರೆ ಹಾಕಿದವರು ಯಾರು ಎಂದು ಕೇಳಬೇಕಲ್ಲದೆ ಹೊಲ ಯಾರದು ಎಂದಲ್ಲ. 1942-43ರಲ್ಲಿ ಬದು ಹಾಕಿದವರಿಗೆ ಕೂಲಿ ಕೊಟ್ಟಾಗ ಆ ಪ್ರಶ್ನೆಯನ್ನೇ ಕೇಳಿದ್ದರು.

ನಮ್ಮ ನಾದಿನಿ ಧರ್ಮಿಷ್ಠೆ. 'ಪಾಪ, ಬಡವಿ, ಎಲ್ಲಾ ಕೊಟ್ಟುಬಿಡಿ' ಎಂದಳು. ಅಣ್ಣನ ಮಾತಿಗಿಂತ ಈ ಮಾತು ನನಗೆ ಹೆಚ್ಚು ತೊಡಕಾಯಿತು. ಬಡವಿ ಎಂದು ಕೊಟ್ಟರೆ ಅದು ದಾನ. ಆಕೆ ನಾಳೆ ನಾಲ್ಕು ಕಾಸು ಕಂಡರೆ ಆಗ ಕೊಡಬೇಕಾಗಿಲ್ಲ ಎಂದಾಗುತ್ತದೆ. ಆಕೆಗೆ ಸಲ್ಲಬೇಕಾದದ್ದು ಬಡತನಕ್ಕಲ್ಲ, ಬೇಸಾಯಕ್ಕೆ. ಆದ್ದರಿಂದ ಚೀಟಿ ಬರೆದು ಲೆಕ್ಕ ಹಾಕಿದೆ. ಬೀಜ, ಗೊಬ್ಬರ, ಔಷಧಕ್ಕೆ ನಾನು ಕೊಟ್ಟದ್ದು 3 ಸಾವಿರ. ಅಷ್ಟನ್ನು ಇಟ್ಟುಕೊಂಡು ಉಳಿದದ್ದನ್ನು ಆಕೆಯ ಖಾತೆಗೆ ಹಾಕಿಸಿದೆ. ನಾದಿನಿ ನಕ್ಕಳು, 'ಕೊಡೋದ ಕೊಟ್ಟಿ, ಆ ಮೂರು ಸಾವಿರಕ್ಕ ಯಾಕ ಜೀವ ಹಿಡಿದಿ?' ಜೀವ ಹಿಡಿದದ್ದಲ್ಲ. ಆ ಮೂರು ಸಾವಿರ ಕಳೆದದ್ದರಿಂದಲೇ ಉಳಿದದ್ದು ಆಕೆಯ ಹಣವಾಯಿತು, ನನ್ನ ಉದಾರತನವಾಗಲಿಲ್ಲ ಎಂದು ನನ್ನ ತಿಳಿವಳಿಕೆ.

ಆಕೆಯ ತಿಳಿವಳಿಕೆ ಬೇರೆಯೇ ಇತ್ತು. ವಾರದಲ್ಲಿ ಸೆರಗಿನ ಗಂಟಿನಲ್ಲಿ ಹುಣಸಿಹಣ್ಣು ಕಟ್ಟಿಕೊಂಡು ಬಸ್ಸಿನಲ್ಲಿ ಬಂದಳು.

'ನಿಮ್ಮ ಪುಣ್ಯಾ ಬಾಯಾರ, ಅಂಗಡಿಯವನ ಬಾಯಿಂದ ಉಳದ್ನಿ.'

'ಪುಣ್ಯ ಅಲ್ಲವ್ವ, ಅದು ನಿಂದ ರೊಕ್ಕ.'

'ನಂದ ಇದ್ರ ನನ್ನ ಖಾತೇಕ್ಕ ಬರ್ತಿತ್ತಲ್ರಿ?'

ಉತಾರದಲ್ಲಿ ನಿನ್ನ ಹೆಸರಿಲ್ಲ, ಅದಕ್ಕೆ ನನಗೆ ಬಂತು ಎಂದೆ. 'ಹಂಗಾದ್ರ ನಿಮ್ದ ಆತಲ್ರಿ' ಎಂದು ಚಹಾದ ಬಟ್ಟಲು ಕೆಳಗಿಟ್ಟಳು. ನನ್ನ ಚೀಟಿಯ ಲೆಕ್ಕ ಆಕೆಯ ಮುಂದೆ ನಿಲ್ಲಲಿಲ್ಲ. ಸರಕಾರದಿಂದ ಹಕ್ಕಾಗಿ ಹೊರಟ ಹಣ ನನ್ನ ಹೆಸರಿನ ಮೂಲಕ ಹಾದುಬರುವಷ್ಟರಲ್ಲಿ ಉಪಕಾರವಾಗಿಬಿಟ್ಟಿತ್ತು. ನಾನು ಎಷ್ಟು ಕೊಟ್ಟರೂ ಆ ರೂಪ ಬದಲಾಗುವುದಿಲ್ಲ. ಹೆಚ್ಚು ಕೊಟ್ಟಷ್ಟೂ ಆಕೆಯ ಮೇಲೆ ನನ್ನ ಋಣ ಹೆಚ್ಚುತ್ತದೆ. ಮುಂದಿನ ರಾಶಿಯಲ್ಲಿ ಅಳತೆಯ ಮಾತು ಬಂದರೆ ಆಕೆ ಬಾಯಿ ಬಿಡಲಾರಳು. ಎಷ್ಟೋ ವರ್ಷ ಕಾದು ನಾನು ಪಡೆದ ಹೆಸರು ಇನ್ನೊಬ್ಬ ಹೆಣ್ಣುಮಗಳ ಎದುರು ಹೀಗೆ ನಿಲ್ಲುತ್ತದೆಂದು ಉತಾರ ಓದಿಕೊಂಡ ದಿನ ನನಗೆ ಹೊಳೆದಿರಲಿಲ್ಲ.

ನನ್ನ ಹೆಸರು ತೆಗೆಯಬೇಕು ಎನ್ನುತ್ತಿಲ್ಲ. ಹಾಗೆಂದು ಯಾರಾದರೂ ಹೇಳಿದರೆ ಜಗಳಕ್ಕೇ ನಿಲ್ಲುತ್ತೇನೆ. ಒಡೆತನ ಬೇರೆ, ಆ ವರ್ಷದ ಬೆಳೆಯ ಹಕ್ಕು ಬೇರೆ ಎಂದು ಬರೆಯಲು ಏನಡ್ಡಿ? ಆಂಧ್ರಪ್ರದೇಶದಲ್ಲಿ 2019ರಲ್ಲಿ ಅಂಥ ಕಾಯಿದೆ ಬಂತು. ಹನ್ನೊಂದು ತಿಂಗಳ ಕರಾರು, ಸಾಗುವಳಿ ಮಾಡುವವರಿಗೆ ಒಂದು ಕಾರ್ಡು, ಒಡೆತನಕ್ಕೆ ಅದರಿಂದ ಧಕ್ಕೆಯಿಲ್ಲ. ಒಡೆಯರ ಸಹಿ ಮಾತ್ರ ಬೇಕು. ಆ ಸಹಿಯ ಹತ್ತಿರವೇ ಬಂಡಿ ನಿಲ್ಲುತ್ತದೆ ಎಂದು ಊಹಿಸಲು ಆಂಧ್ರಕ್ಕೇ ಹೋಗಬೇಕಾಗಿಲ್ಲ, ನಮ್ಮ ಅಣ್ಣನ ಮುಖ ನೋಡಿದರೆ ಸಾಕು. ನಮ್ಮಲ್ಲೂ ಬೆಳೆವಿಮೆಯ ನಿಯಮದಲ್ಲಿ ಪಾಲಿಗೆ ಮಾಡುವವರಿಗೆ ಜಾಗವಿದೆ, ಆದರೆ ಅದಕ್ಕೆ ಕಾಗದ ಬೇಕು. 2020ರ ತಿದ್ದುಪಡಿಯ ನಂತರ ಒಕ್ಕಲುತನದ ಗಂಧವಿಲ್ಲದವರೂ ಹೊಲ ಕೊಳ್ಳಬಹುದಾಗಿದೆ. ನನ್ನಂಥ ಊರಲ್ಲಿಲ್ಲದ ಒಡೆಯರು ಇನ್ನು ಹೆಚ್ಚುವವರೇ. ಗುರಿ ಬರೆಯುವ ಸಭೆಗಳಲ್ಲಿ ಹೆಕ್ಟೇರಿನ ಲೆಕ್ಕದ ಪಕ್ಕದಲ್ಲಿ ಬಿತ್ತುವ ಕೈಗಳ ಲೆಕ್ಕವನ್ನೂ ಬರೆದುಕೊಂಡರೆ ಒಳ್ಳೆಯದು.

ಕಳೆದ ಹಿಂಗಾರಿಗೆ ಮೊದಲು ನಾನೇ ಸ್ಟಾಂಪ್ ಕಾಗದ ತಂದು ಆಕೆಯನ್ನು ಕರೆಸಿದೆ. ಈ ವರ್ಷದ ಜೋಳ ಆಕೆ ಪಾಲಿಗೆ ಮಾಡುತ್ತಾಳೆ, ವಿಮೆ ಆಕೆಯ ಹೆಸರಿಗೆ ಎಂದು ಬರೆಯೋಣ ಎಂದೆ. ಅಣ್ಣ ಎರಡು ದಿನ ಮಾತು ಬಿಟ್ಟಿದ್ದ. ಅವನ ಹೆದರಿಕೆಯನ್ನು ನಾನು ನಿರೀಕ್ಷಿಸಿದ್ದೆ. ಆಕೆಯದನ್ನು ನಿರೀಕ್ಷಿಸಿರಲಿಲ್ಲ. ಕಾಗದವನ್ನು ಮುಟ್ಟದೆ ದೂರದಿಂದ ನೋಡಿ, 'ಹನ್ನೊಂದ ತಿಂಗಳಾ ಅಂತ ಬರಸಿ ಆಮ್ಯಾಲ ಹೊಲಾ ಬಿಡಿಸ್ಕೋತೀರೇನ್ರಿ ಬಾಯಾರ?' ಎಂದಳು. ಬಾಯಿಮಾತಿನ ಪಾಲಿಗೆ ಕೊನೆಯ ತಾರೀಖಿಲ್ಲ, ಬರೆದದ್ದಕ್ಕೆ ಇರುತ್ತದೆ. ಈ ಲೆಕ್ಕ ನನಗಿಂತ ಆಕೆಗೆ ಚೆನ್ನಾಗಿ ಗೊತ್ತಿತ್ತು.

ಗಂಡನನ್ನು ಕೇಳಿ ಹೇಳುತ್ತೇನೆಂದು, ಬೀಜಕ್ಕೆ ಬೇಕೆಂದು ಉತಾರದ ನಕಲು ಇಸಿದುಕೊಂಡು ಹೋದಳು. ಹಸ್ತದ ಮಳೆ ಆಗಿ ಹೊಲ ಹದಕ್ಕೆ ಬಂದಿತ್ತು, ಬಿತ್ತುವವರಿಗೆ ಪುರಸೊತ್ತಿರಲಿಲ್ಲ. ಸ್ಟಾಂಪ್ ಕಾಗದ ಇನ್ನೂ ನನ್ನ ಟ್ರಂಕಿನಲ್ಲಿ, ಉತಾರದ ಜೊತೆಗೇ ಇದೆ. ಮುಂದಿನ ಹಂಗಾಮಿಗೆ ಮೊದಲು ನಾನೇ ತಿಕೋಟಾಕ್ಕೆ ಹೋಗಿ ಆಕೆಯ ಗಂಡನೊಂದಿಗೂ ಮಾತಾಡಬೇಕು.