ಸೇವೆಯೆಂಬ ಕಂದಾಯ

ಮಧ್ವನವಮಿಯಿರಲಿ, ಶ್ರೀರಾಘವೇಂದ್ರಸ್ವಾಮಿಗಳ ಆರಾಧನೆಯ ಮೂರು ದಿನಗಳಿರಲಿ, ನಮ್ಮ ಮಠಮಂದಿರಗಳಲ್ಲಿ ಉತ್ಸವಗಳು ಸಾಂಗವಾಗಿ ನೆರವೇರಬೇಕಾದರೆ ಹಣದ ಅನುಕೂಲವೊಂದೇ ಸಾಲದು. ನಸುಕಿನಲ್ಲಿ ಎದ್ದು ಹೂ ಕಟ್ಟುವವರು ಬೇಕು. ರಂಗವಲ್ಲಿ ಹಾಕುವವರು, ರಾಶಿಬಿದ್ದ ತರಕಾರಿಯನ್ನು ಹೆಚ್ಚುವವರು, ಬಾಗಿಲ ಬಳಿ ನಿಂತು ಪಾದರಕ್ಷೆಗಳನ್ನು ಕಾಯುವವರು, ಪಂಕ್ತಿಯಲ್ಲಿ ಬಡಿಸುವವರು, ಕೊನೆಗೆ ಎಂಜಲೆಲೆಗಳನ್ನು ತೆಗೆದು ನೆಲವನ್ನು ಶುದ್ಧಿಗೊಳಿಸುವವರು ಬೇಕು. ಇವರಲ್ಲಿ ಉಪಾಧ್ಯಾಯರಿರುತ್ತಾರೆ, ಬ್ಯಾಂಕಿನ ಅಧಿಕಾರಿಗಳಿರುತ್ತಾರೆ, ನಿವೃತ್ತರಾದ ಹಿರಿಯರಿರುತ್ತಾರೆ, ಪರೀಕ್ಷೆ ಮುಗಿಸಿ ಬಂದ ಹುಡುಗರೂ ಇರುತ್ತಾರೆ. ಯಾರೂ ಇವರಿಗೆ ಕೂಲಿ ಗೊತ್ತುಮಾಡಿಲ್ಲ. ಮನೆಯಲ್ಲಿ ತಾವು ಕುಡಿದ ಲೋಟವನ್ನು ಎತ್ತಿಡದವರು ಕೂಡ ಇಲ್ಲಿ ಸಾರಿನ ಕೊಳಗವನ್ನು ಹೊರುತ್ತಾರೆ. ಇವರನ್ನು ಪ್ರೇರಿಸುವುದು ಯಾವುದು? ಇದರಿಂದ ಇವರಿಗೆ ದೊರಕುವುದೇನು? ಈ ಪ್ರಶ್ನೆಯನ್ನು ಇಲ್ಲಿ ಸ್ವಲ್ಪ ವಿಚಾರಮಾಡಬೇಕೆಂದು ನಮ್ಮ ಅಪೇಕ್ಷೆ.

ಸಾಮಾನ್ಯವಾಗಿ ಕೇಳಿಬರುವ ಉತ್ತರಗಳು ಹಲವು. ಪುಣ್ಯ ಬರುತ್ತದೆಂದು ಕೆಲವರು ಹೇಳುತ್ತಾರೆ. ನಾಲ್ಕು ಜನರ ಪರಿಚಯವಾಗುತ್ತದೆಂದು ಕೆಲವರು, ಮನಸ್ಸಿಗೆ ನೆಮ್ಮದಿಯಾಗುತ್ತದೆಂದು ಇನ್ನು ಕೆಲವರು. ಇವೆಲ್ಲವೂ ನಿಜವೇ. ಆದರೆ ವಿಚಾರಪರನಾದವನು ಇಲ್ಲೊಂದು ಆಕ್ಷೇಪವನ್ನು ಎತ್ತಬಹುದು. ಪುಣ್ಯಕ್ಕಾಗಿಯೋ ನೆಮ್ಮದಿಗಾಗಿಯೋ ಮಾಡುವುದಾದರೆ ಅದು ಒಂದನ್ನು ಕೊಟ್ಟು ಇನ್ನೊಂದನ್ನು ಕೊಳ್ಳುವ ವ್ಯಾಪಾರವಾಯಿತು, ಸೇವೆಯೆಂದು ಅದನ್ನು ಹೇಗೆ ಕರೆಯೋಣ? ಯಾವ ಪ್ರಯೋಜನವೂ ಇಲ್ಲವೆನ್ನುವುದಾದರೆ, ನಿಷ್ಪ್ರಯೋಜಕವಾದ ಕೆಲಸಕ್ಕೆ ಬುದ್ಧಿವಂತನು ಕೈಹಾಕುವುದಾದರೂ ಏಕೆ? ಈ ಇಕ್ಕಟ್ಟಿನಿಂದ ಪಾರಾಗದೆ ಸೇವೆಯ ಸ್ವರೂಪವು ನಮಗೆ ತಿಳಿಯಲಾರದು.

ಶ್ರೀಮದಾಚಾರ್ಯರು ಗೀತೆಯ ಅರ್ಥವನ್ನು ವಿವರಿಸುವ ಸಂದರ್ಭದಲ್ಲಿ ಕೊಟ್ಟಿರುವ ಒಂದು ಹೋಲಿಕೆಯು ಇಲ್ಲಿ ನಮಗೆ ದಾರಿ ತೋರಿಸುತ್ತದೆ. ಪ್ರಜೆಗಳು ಅರಸನಿಗೆ ಕರವನ್ನು ಸಲ್ಲಿಸುವಂತೆ, ನಾನಾ ಜನರ ಶುಶ್ರೂಷೆಯನ್ನು ಮನುಷ್ಯನು ಭಗವಂತನಿಗೆ ಸಲ್ಲತಕ್ಕ ಕರವೆಂದು ತಿಳಿದು ಮಾಡಬೇಕೆಂಬುದು ಅದರ ತಾತ್ಪರ್ಯ. ಇದು ಚಿಕ್ಕ ಮಾತಾಗಿ ಕಂಡರೂ ನಮ್ಮ ಎಣಿಕೆಯನ್ನೆಲ್ಲ ಬುಡಮೇಲು ಮಾಡುವಂಥದು. ನಾವು ಸೇವೆಯನ್ನು ದಾನದ ಲೆಕ್ಕದಲ್ಲಿ ಬರೆದಿಟ್ಟುಕೊಂಡಿದ್ದೇವೆ. ಆಚಾರ್ಯರು ಅದನ್ನು ಬಾಕಿಯ ಲೆಕ್ಕಕ್ಕೆ ವರ್ಗಾಯಿಸುತ್ತಾರೆ. ಕಂದಾಯ ಕಟ್ಟಿದವನಿಗೆ ಯಾರೂ ಹಾರ ಹಾಕುವುದಿಲ್ಲ; ಅವನೂ ಹಾರವನ್ನು ನಿರೀಕ್ಷಿಸುವುದಿಲ್ಲ. ಗಾಳಿ, ನೀರು, ಮಳೆ, ಬೆಳೆ, ತಂದೆತಾಯಿಗಳ ಪಾಲನೆ, ಗುರುಗಳು ಕೊಟ್ಟ ವಿದ್ಯೆ ಇವುಗಳಲ್ಲಿ ಯಾವುದಕ್ಕೂ ನಾವು ಬೆಲೆ ಕೊಟ್ಟಿಲ್ಲ. ಕೊಟ್ಟವನ ರಾಜ್ಯದಲ್ಲಿ ವಾಸವಾಗಿದ್ದು ಅವನ ಪ್ರಜೆಗಳಿಗೆ ನೆರವಾಗುವುದು ಉಪಕಾರವೆಂದು ಹೇಗೆ ಎನಿಸೀತು?

ಹಾಗಾದರೆ ‘ಸ್ವಯಂಸೇವೆ’ ಎಂಬ ಮಾತಿನಲ್ಲಿರುವ ‘ಸ್ವಯಂ’ ಎಂಬುದಕ್ಕೆ ಅರ್ಥವೇನೆಂದು ಕೇಳಬಹುದು. ಕಂದಾಯ ಕಟ್ಟುವುದರಲ್ಲಿಯೂ ಎರಡು ಬಗೆಯುಂಟು. ಜಪ್ತಿಯ ನೋಟೀಸು ಬಂದ ಮೇಲೆ ಗೊಣಗುತ್ತಾ ಕಟ್ಟುವವನೊಬ್ಬ. ಕಂತಿನ ದಿನಕ್ಕೆ ಮೊದಲೇ ತಾನಾಗಿ ಹೋಗಿ ಕಟ್ಟಿ ರಸೀದಿ ಪಡೆಯುವವನೊಬ್ಬ. ಯಾರೂ ಬಾಗಿಲು ತಟ್ಟದಿರುವಾಗಲೇ ತನ್ನ ಬಾಕಿಯನ್ನು ನೆನೆದು ಹೊರಡುವವನೇ ಸ್ವಯಂಸೇವಕನು. ಇನ್ನೊಂದು ವಿಷಯವೂ ಉಂಟು. ಹಿಂದೆ ಖುಷ್ಕಿಗೊಂದು, ತರಿಗೊಂದು, ಬಾಗಾಯಿತಿಗೊಂದು ಎಂದು ಭೂಮಿಯ ಗುಣಕ್ಕೆ ತಕ್ಕಂತೆ ಕಂದಾಯದ ದರ ಬೇರೆಬೇರೆಯಾಗಿತ್ತು. ಸೇವೆಯೂ ಹಾಗೆಯೇ. ವಿದ್ಯೆಯುಳ್ಳವನಿಂದ ವಿದ್ಯೆ, ಬಲವುಳ್ಳವನಿಂದ ದುಡಿಮೆ, ಹಾಸಿಗೆ ಹಿಡಿದ ವೃದ್ಧರಿಂದ ಒಂದು ಒಳ್ಳೆಯ ಮಾತು. ಯೋಗ್ಯತೆಗೆ ಮೀರಿ ಯಾರನ್ನೂ ಕೇಳಿಲ್ಲ. ಯೋಗ್ಯತೆಯುಳ್ಳ ಯಾರನ್ನೂ ಬಿಟ್ಟಿಲ್ಲ.

ಸೇವೆಯು ಅಧಿಕಾರಕ್ಕಿಂತ ಕೆಳಗಿನದೆಂದು ತಿಳಿಯುವವರಿಗೆ ಉಡುಪಿಯ ಪರ್ಯಾಯವು ಒಳ್ಳೆಯ ಪಾಠ. ಆಚಾರ್ಯರ ಕಾಲದಿಂದ ಎರಡು ತಿಂಗಳಿಗೊಮ್ಮೆ ಬದಲಾಗುತ್ತಿದ್ದ ಕೃಷ್ಣಪೂಜೆಯ ಸರದಿಯನ್ನು ಶ್ರೀವಾದಿರಾಜತೀರ್ಥರು ಎರಡು ವರ್ಷಗಳಿಗೆ ವಿಸ್ತರಿಸಿದರು. ಆದುದರಿಂದ ಅಷ್ಟಮಠಗಳಲ್ಲಿ ಒಂದೊಂದಕ್ಕೂ 16 ವರ್ಷಗಳಿಗೊಮ್ಮೆ ಸರದಿ ಬರುತ್ತದೆ. ಬಾಳೆಯ ಮುಹೂರ್ತ, ಅಕ್ಕಿಯ ಮುಹೂರ್ತ, ಕಟ್ಟಿಗೆಯ ಮುಹೂರ್ತ, ಭತ್ತದ ಮುಹೂರ್ತ ಎಂದು ಬಹಳ ಮುಂಚಿನಿಂದಲೇ ಸಿದ್ಧತೆಗಳು ನಡೆಯುತ್ತವೆ. ಊರೂರಿನಿಂದ ಹೊರೆಕಾಣಿಕೆ ಬರುತ್ತದೆ. ಇಷ್ಟೆಲ್ಲ ವೈಭವದ ಬಳಿಕ, ಇಳಿಯುವ ಶ್ರೀಪಾದರು ಏರುವ ಶ್ರೀಪಾದರಿಗೆ ಒಪ್ಪಿಸುವುದೇನೆಂದರೆ ಗರ್ಭಗುಡಿಯ ಕೀಲಿಕೈಯೊಂದಿಗೆ ಅಕ್ಷಯಪಾತ್ರೆ ಮತ್ತು ಸಟ್ಟುಗ. ಬಡಿಸುವ ಸಟ್ಟುಗವೇ ಅಲ್ಲಿ ರಾಜದಂಡ. ಅವಧಿ ತೀರಿದೊಡನೆ ಅದನ್ನು ಮುಂದಿನವರ ಕೈಗೆ ಕೊಟ್ಟುಬಿಡುವುದೂ ಆ ಸೇವೆಯ ಒಂದು ಅಂಗವೇ. ನಮ್ಮ ಸಮಿತಿಗಳಲ್ಲಿ ಹಿಡಿದ ಸಟ್ಟುಗವನ್ನು ಬಿಡಲಾರದೆ ಪರಿತಪಿಸುವವರು ಇದನ್ನು ನೆನೆಯುವುದು ಹಿತಕರ.

ಸೇವೆಯಲ್ಲಿ ಮೈಗೂಡುವ ದೋಷಗಳಲ್ಲಿ ದೊಡ್ಡದು ‘ನನ್ನಿಂದಲೇ ಆಯಿತು’ ಎಂಬ ಭಾವನೆ. ಇದಕ್ಕೆ ನಮ್ಮ ಸಿದ್ಧಾಂತವು ಕೊಡುವ ಸಮಾಧಾನವು ಸೂಕ್ಷ್ಮವಾದುದು. ಜೀವನ ಕರ್ತೃತ್ವವು ಸುಳ್ಳೆಂದು ಸಿದ್ಧಾಂತವು ಹೇಳುವುದಿಲ್ಲ. ಅದು ಸತ್ಯವೇ, ಆದರೆ ಸ್ವತಂತ್ರವಾದುದಲ್ಲ, ಸ್ವತಂತ್ರನಾದ ಶ್ರೀಹರಿಯ ಅಧೀನವಾದುದು. ಈ ಮಾತು ಎರಡು ರೋಗಗಳಿಗೆ ಒಂದೇ ಔಷಧ. ಕರ್ತೃತ್ವವು ಸತ್ಯವಾದುದರಿಂದ ‘ದೇವರೇ ಮಾಡಿಸಿಯಾನು’ ಎಂದು ಕಾಲುಚಾಚಿ ಕುಳಿತುಕೊಳ್ಳಲು ಅವಕಾಶವಿಲ್ಲ. ಅದು ಪರಾಧೀನವಾದುದರಿಂದ ಎದೆಯುಬ್ಬಿಸಲೂ ಅವಕಾಶವಿಲ್ಲ.

ಸೇವೆಯನ್ನು ಪಡೆಯುವವನ ವಿಷಯದಲ್ಲಿಯೂ ಇದೇ ವಿವೇಕ ಬೇಕು. ಬಡವನೇ ದೇವರೆಂದು ಹೇಳುವುದು ನಮ್ಮ ಮತಕ್ಕೆ ಒಪ್ಪಿಗೆಯಲ್ಲ. ಜೀವೇಶ್ವರರ ಭೇದವು ಸತ್ಯ. ಆದರೆ ಆ ಬಡವನಲ್ಲಿ ದೇವರು ಅಂತರ್ಯಾಮಿಯಾಗಿ ನೆಲೆಸಿರುವನೆಂಬುದು ಅಷ್ಟೇ ಸತ್ಯ. ಹೀಗೆ ತಿಳಿದವನು ಸರದಿಯಲ್ಲಿ ನಿಂತು ದಣಿದ ಮುದುಕಿಯನ್ನು ಗದರಿಸಲಾರನು. ತನಗೆ ಬಡಿಸುವ ಹುಮ್ಮಸ್ಸಿದೆಯೆಂದು ಬೇಡವೆಂದವರ ಎಲೆಗೆ ಸುರಿಯಲಾರನು. ಪಡೆಯುವವನ ಅನುಕೂಲವೇ ಸೇವೆಗೆ ಅಳತೆಗೋಲು, ಮಾಡುವವನ ಸಂತೋಷವಲ್ಲ.

ಹೆಸರಿನ ಆಸೆಯಿಲ್ಲದೆ, ಪಡೆಯುವವನ ಹಿತವೊಂದನ್ನೇ ನೋಡುವ ಸೇವೆಗೆ ಈ ಕಾಲದ ಒಂದು ಉದಾಹರಣೆ ರಕ್ತದಾನ. ರಕ್ತವನ್ನು ಯಾವ ಕಾರ್ಖಾನೆಯೂ ತಯಾರಿಸಲಾರದು. ಮನುಷ್ಯನಿಗೆ ಮನುಷ್ಯನೇ ಕೊಡಬೇಕು. ಹಿಂದೆ ನಮ್ಮ ದೇಶದಲ್ಲಿ ಹಣಕ್ಕೆ ರಕ್ತ ಮಾರುವವರಿದ್ದರು. ಹಸಿವಿನಿಂದ ಮಾರುವವನು ತನ್ನ ರೋಗವನ್ನು ಮರೆಮಾಚುವ ಸಂಭವ ಹೆಚ್ಚು. ಆ ರಕ್ತವು ಪಡೆದವನಿಗೂ ಅಪಾಯ, ಮೇಲಿಂದಮೇಲೆ ಕೊಟ್ಟವನಿಗೂ ಅಪಾಯ. ಸರ್ವೋಚ್ಚ ನ್ಯಾಯಾಲಯವು 1996ರ ಜನವರಿಯಲ್ಲಿ ಕೊಟ್ಟ ನಿರ್ದೇಶದಂತೆ 1998ರ ಜನವರಿ 1ರಿಂದ ಈ ಮಾರಾಟವು ನಿಂತುಹೋಯಿತು. ಇಂದು ಸ್ವಯಂಪ್ರೇರಣೆಯಿಂದ ಬರುವವನು ಒಂದು ಸಲಕ್ಕೆ 350 ಅಥವಾ 450 ಮಿಲಿಲೀಟರಿನಷ್ಟು ಕೊಡುತ್ತಾನೆ. ಗಂಡಸರು 90 ದಿನಗಳ, ಹೆಂಗಸರು 120 ದಿನಗಳ ಅಂತರವಿಟ್ಟು ಮತ್ತೆ ಕೊಡಬಹುದು. ಕೊಟ್ಟವನ ಹೆಸರು ಪಡೆದವನಿಗೆ ಗೊತ್ತಿಲ್ಲ. ಪಡೆದವನ ಕುಲಗೋತ್ರ ಕೊಟ್ಟವನಿಗೆ ಗೊತ್ತಿಲ್ಲ. ಹಣವು ಕೆಡಿಸಿದ ವಸ್ತುವನ್ನು ನಿಷ್ಕಾಮವಾದ ದಾನವು ಶುದ್ಧಗೊಳಿಸಿದ್ದನ್ನು ಇಲ್ಲಿ ಕಣ್ಣಾರೆ ಕಾಣುತ್ತೇವೆ.

ಆಚಾರ್ಯರ ಮಾತಿನಲ್ಲಿರುವುದು ‘ನಾನಾ ಜನ’ ಎಂಬುದನ್ನು ನಾವು ಮರೆಯಬಾರದು; ನಮ್ಮ ಜನರೆಂದು ಅಲ್ಲಿ ಹೇಳಿಲ್ಲ. 1977ರ ನವೆಂಬರ್ 19ರಂದು ಆಂಧ್ರದ ಕರಾವಳಿಗೆ ಅಪ್ಪಳಿಸಿದ ಚಂಡಮಾರುತದಿಂದ ಕೃಷ್ಣಾ ನದಿಯ ಮುಖಜಭೂಮಿಯಾದ ದಿವಿಸೀಮೆಯಲ್ಲಿ ಸಾವಿರಾರು ಮಂದಿ ಪ್ರಾಣ ಕಳೆದುಕೊಂಡರು. ಆಗ ಪೇಜಾವರ ಮಠದ ಶ್ರೀವಿಶ್ವೇಶತೀರ್ಥ ಶ್ರೀಪಾದರು (1931–2019) ಪರಿಹಾರಕಾರ್ಯವನ್ನು ಕೈಗೊಂಡು, ಹಂಸಲದೀವಿಯಲ್ಲಿ ನಿರಾಶ್ರಿತರಿಗೆ ಮನೆಗಳನ್ನು ಕಟ್ಟಿಸಿಕೊಟ್ಟರು. ಪೂಜೆ, ಪಾಠ, ಪ್ರವಚನಗಳ ಜೊತೆಗೆ ಅನ್ಯಭಾಷೆಯ ನಾಡಿನಲ್ಲಿ ಮನೆ ಕಟ್ಟಿಸುವುದು ಆ ಪೀಠಕ್ಕೆ ಹೊರಗಿನ ಕೆಲಸವಾಗಿ ಕಾಣಲಿಲ್ಲ. ಕರವೆಂದು ತಿಳಿದವನಿಗೆ ರಾಜ್ಯದ ಎಲ್ಲ ಊರುಗಳೂ ಅರಸನ ಊರುಗಳೇ.

ಇನ್ನು ನಾವು ಮೊದಲು ಎತ್ತಿದ ಆಕ್ಷೇಪಕ್ಕೆ ಬರೋಣ. ಸೇವೆಯಿಂದ ಲಾಭವುಂಟೋ ಇಲ್ಲವೋ? ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದಲ್ಲಿ 1957ರಲ್ಲಿ ಪ್ರೌಢಶಾಲೆಯನ್ನು ಮುಗಿಸಿದವರ ಜೀವನವನ್ನು ದೀರ್ಘಕಾಲ ಗಮನಿಸುತ್ತ ಬಂದ ಒಂದು ಅಧ್ಯಯನವುಂಟು. ಅವರು ವೃದ್ಧರಾದ ಮೇಲೆ ಸ್ವಯಂಸೇವೆಯ ಉದ್ದೇಶವನ್ನು ಕೇಳಿ ಬರೆದುಕೊಂಡು, ನಾಲ್ಕು ವರ್ಷಗಳ ನಂತರ ನೋಡಲಾಯಿತು. 2012ರಲ್ಲಿ ಪ್ರಕಟವಾದ ಫಲಿತಾಂಶದಂತೆ, ಸೇವೆ ಮಾಡದವರಲ್ಲಿ ನೂರಕ್ಕೆ 4.3 ಮಂದಿ ತೀರಿಕೊಂಡಿದ್ದರು. ತಮ್ಮ ಹಿತಕ್ಕಾಗಿಯೇ ಸೇವೆ ಮಾಡಿದವರಲ್ಲಿಯೂ ಆ ಪ್ರಮಾಣ ಸುಮಾರು 4. ಪರರ ಹಿತಕ್ಕಾಗಿ ಮಾಡಿದವರಲ್ಲಿ ಮಾತ್ರ ಅದು 1.6. ಇಂತಹ ಎಣಿಕೆಯಿಂದ ಶಾಸ್ತ್ರಾರ್ಥವು ಸಿದ್ಧವಾಗದು. ಕಾರಣವು ಇದೇ ಎಂದು ನಿಶ್ಚಯಿಸಲೂ ಆಗದು. ಆದರೂ ಲಾಭಕ್ಕೆ ಕೈಚಾಚಿದವನ ಕೈಗೆ ಸಿಗದ ಲಾಭವು ಕೈಚಾಚದವನ ಮನೆಗೆ ಬಂದಿತೆಂಬುದು ಯೋಚಿಸತಕ್ಕ ಸಂಗತಿ.

ಸಿದ್ಧಾಂತದ ದೃಷ್ಟಿಯಿಂದ ಇದರಲ್ಲಿ ಆಶ್ಚರ್ಯವಿಲ್ಲ. ಸಾತ್ತ್ವಿಕ ಜೀವನ ಸ್ವರೂಪವೇ ಆನಂದ. ಅದು ಮುಚ್ಚಿಹೋಗಿದೆ, ಅಷ್ಟೇ. ಪರರಿಗಾಗಿ ದುಡಿಯುವ ಹೊತ್ತಿನಲ್ಲಿ ‘ನಾನು, ನನ್ನದು’ ಎಂಬ ಮುಸುಕು ಕೊಂಚ ಸರಿಯುತ್ತದೆ. ಆಗ ತೋರುವ ನೆಮ್ಮದಿಯು ಹೊರಗಿನಿಂದ ಬಂದ ಕೂಲಿಯಲ್ಲ, ಒಳಗಿದ್ದುದರ ಒಂದು ಕಿರಣ. ಕೂಲಿಯನ್ನು ಅರಸುವವನು ಮುಸುಕನ್ನು ಇನ್ನಷ್ಟು ಬಿಗಿಯಾಗಿ ಎಳೆದುಕೊಳ್ಳುತ್ತಾನೆ. ಆದುದರಿಂದ ಸೇವೆಗೆ ಲಾಭವುಂಟು. ಆದರೆ ಅದನ್ನು ಬೆಲೆಯಾಗಿ ಕೇಳಿದವನಿಗೆ ಅದು ದೊರಕದು. ವ್ಯಾಪಾರವೆಂಬ ಆಕ್ಷೇಪವು ಇಲ್ಲಿಗೆ ತೀರಿತು.

ಕೊನೆಯದಾಗಿ ಒಂದು ಎಚ್ಚರಿಕೆ. ‘ಮನೆಗೆ ಮಾರಿ, ಊರಿಗೆ ಉಪಕಾರಿ’ ಎಂಬ ಗಾದೆಯು ಸುಮ್ಮನೆ ಹುಟ್ಟಿದುದಲ್ಲ. ಔಷಧಕ್ಕಾಗಿ ಕಾಯುವ ತಾಯಿಯನ್ನು ಮನೆಯಲ್ಲಿ ಬಿಟ್ಟು ಉತ್ಸವದಲ್ಲಿ ಓಡಾಡುವವನು, ತನ್ನ ಹೊಲದ ಬಾಕಿಯನ್ನು ಉಳಿಸಿಕೊಂಡು ಪರರ ಹೊಲಕ್ಕೆ ಕಂದಾಯ ಕಟ್ಟಿದಂತಾಯಿತು. ತಾಯಿಗೆ ಕೊಡುವ ಒಂದು ಲೋಟ ಗಂಜಿಯೂ ಅದೇ ಅರಸನ ಬೊಕ್ಕಸವನ್ನು ಸೇರುತ್ತದೆ. ಮನೆಯಲ್ಲಿ ವರ್ಷವೆಲ್ಲ ಅಡಿಗೆಯ ಒಲೆಯ ಮುಂದೆ ನಿಂತು, ಎಲ್ಲರೂ ಉಂಡ ಮೇಲೆ ಉಣ್ಣುವ ಗೃಹಿಣಿಯರ ಹೆಸರು ಯಾವ ಸಮಿತಿಯ ಪಟ್ಟಿಯಲ್ಲಿಯೂ ಇರುವುದಿಲ್ಲ. ಅವರ ಕಂದಾಯದಲ್ಲಿ ಮಾತ್ರ ಬಾಕಿಯಿರಲಾರದು.

ಮುಂದಿನ ಉತ್ಸವದಲ್ಲಿ ಸೊಂಟಕ್ಕೆ ಉತ್ತರೀಯ ಬಿಗಿದು ನಿಲ್ಲುವಾಗ ನಾವೆಲ್ಲರೂ ಇದನ್ನು ನೆನೆಯೋಣ. ಕಾಣುವ ಕೆಲಸಕ್ಕಿಂತ ಕಾಣದ ಕೆಲಸವನ್ನು ಕೇಳಿ ಪಡೆಯೋಣ. ಮುಗಿದ ಮೇಲೆ ‘ಕೃಷ್ಣಾರ್ಪಣ’ವೆಂದು ನೀರು ಬಿಡುವುದು ಬರಿಯ ವಾಡಿಕೆಯಾಗದಿರಲಿ, ಕರವನ್ನು ಒಡೆಯನ ಪಾದದಲ್ಲಿ ಸಲ್ಲಿಸಿ, ಹೊರೆ ಇಳಿಸಿ, ಹಗುರಾಗಿ ಮನೆಗೆ ಮರಳುವ ಕ್ಷಣವಾಗಲಿ.

ಶ್ರೀಕೃಷ್ಣಾರ್ಪಣಮಸ್ತು.