ಸೊನ್ನೆಯ ಲೆಕ್ಕ

‘ಹೆಚ್ಚೇನೂ ಖರ್ಚಾಗಲಿಲ್ಲ’ ಎಂಬ ಮಾತನ್ನು ನಾವು ಹೆಂಗಸರು ಸ್ವಲ್ಪ ಹೆಮ್ಮೆಯಿಂದಲೇ ಹೇಳುತ್ತೇವೆ. ಮನೆಯಲ್ಲಿ ನಾಮಕರಣ ಮುಗಿದಾಗ, ಹಬ್ಬಕ್ಕೆ ಸೀರೆ ತಂದಾಗ, ಊರು ಸುತ್ತಿ ಬಂದಾಗ. ಹೇಳುವವಳಿಗೂ ಕೇಳುವವಳಿಗೂ ಅದರಲ್ಲೊಂದು ಸಮಾಧಾನ. ಆದರೆ ಈಚೆಗೆ ಆ ಮಾತು ಬಾಯಿಗೆ ಬಂದಾಗಲೆಲ್ಲ ಒಂದು ಅನುಮಾನ ಕಾಡುತ್ತದೆ. ನಿಜವಾಗಿ ಖರ್ಚಾಗಲಿಲ್ಲವೇ, ಇಲ್ಲಾ ಆದ ಖರ್ಚನ್ನು ನಾವು ನಮ್ಮ ಚೀಟಿಯಲ್ಲಿ ಬರೆಯಲಿಲ್ಲವೇ?

ನಾವಿರುವುದು ಹಾಸನದಲ್ಲಿ. ಮಗಳಿಗೆ ಐದೂವರೆ, ಮಗನಿಗೆ ಮೂರು. ಈ ವಯಸ್ಸಿನ ಇಬ್ಬರನ್ನು ಕಟ್ಟಿಕೊಂಡು ದೂರದೂರಿಗೆ ಹೋಗುವ ಶಕ್ತಿ ಕೈಚೀಲಕ್ಕೂ ಇಲ್ಲ, ಕಾಲಿಗೂ ಇಲ್ಲ. ಶನಿವಾರ ಬೆಳಿಗ್ಗೆ ರೈಲು ಹತ್ತಿ ಭಾನುವಾರ ರಾತ್ರಿ ಬಸ್ಸಿನಲ್ಲಿ ವಾಪಸು ಬರುವುದಕ್ಕೆ ಮೈಸೂರು ಹೇಳಿ ಮಾಡಿಸಿದ ಊರು. ಒಂದು ದಿನಕ್ಕೆ ದುಡ್ಡು ಕೊಟ್ಟು ನೋಡುವುದು ಒಂದೇ ಇರಬೇಕು ಎಂದು ನಾವು ನಿಯಮ ಮಾಡಿಕೊಂಡಿದ್ದೆವು. ಶನಿವಾರಕ್ಕೆ ಮೃಗಾಲಯ. 1892ರಷ್ಟು ಹಳೆಯದು, ಮರಗಳೂ ಅಷ್ಟೇ ದೊಡ್ಡವು, ಬಿಸಿಲಲ್ಲೂ ನಡೆಯಬಹುದು. ಮಂಗಳವಾರ ರಜೆ ಎಂಬುದನ್ನು ಮರೆಯದಿದ್ದರೆ ಸಾಕು. ಭಾನುವಾರ ಬೆಳಿಗ್ಗೆ ಚಾಮುಂಡಿ ಬೆಟ್ಟ. ಬೆಟ್ಟದ ಸುಮಾರು ಸಾವಿರ ಮೆಟ್ಟಿಲನ್ನು ಮಕ್ಕಳ ಜೊತೆ ಹತ್ತುವುದು ಆಗದ ಮಾತು; ಬಸ್ಸಿನಲ್ಲಿ ಮೇಲೆ ಹೋಗಿ, ದೇವಿಯ ದರ್ಶನ ಮಾಡಿ, ಮೆಟ್ಟಿಲಲ್ಲಿ ನಂದಿಯವರೆಗೆ ಇಳಿಯುವುದು. ಒಂದೇ ಬಂಡೆಯಲ್ಲಿ ಕಡೆದ ಆ ನಂದಿಯನ್ನು ನೋಡಲು ಟಿಕೆಟ್ಟಿಲ್ಲ. ಸಂಜೆ ಏಳಕ್ಕೆ ಅರಮನೆಯ ದೀಪ. 1897ರ ಬೆಂಕಿಯಲ್ಲಿ ಹಳೆಯದು ಸುಟ್ಟುಹೋಗಿ, 1912ರಲ್ಲಿ ಕಟ್ಟಿ ಮುಗಿಸಿದ ಆ ಅರಮನೆಯ ಒಳಗನ್ನು ತೋರಿಸುವುದಕ್ಕೆ ಮಕ್ಕಳು ಇನ್ನಷ್ಟು ದೊಡ್ಡವರಾಗಲಿ ಎಂದುಕೊಂಡೆವು. ಮೂರು ವರ್ಷದವನಿಗೆ ಸಿಂಹಾಸನಕ್ಕಿಂತ ಹೊರಗಿನ ಪಾರಿವಾಳಗಳೇ ಹೆಚ್ಚು.

ನಮ್ಮ ಯಜಮಾನರು ಕ್ಯಾಲೆಂಡರಿನ ಹಿಂದೆ ಲೆಕ್ಕ ಬರೆದರು. ರೈಲು ಇಷ್ಟು, ಸಿಟಿ ಬಸ್ಸು ಇಷ್ಟು, ಮೃಗಾಲಯ ಇಷ್ಟು. ರೂಮು: ಸೊನ್ನೆ. ಊಟ: ಸೊನ್ನೆ. ಬರುವಾಗ ಬಸ್ಸಿನಲ್ಲಿ ನನ್ನ ಟಿಕೆಟ್ಟು: ಸೊನ್ನೆ. ಒಟ್ಟು ಮೊತ್ತ ನೋಡಿ ಅವರಿಗೆ ಬಹಳ ಖುಷಿಯಾಯಿತು. ನನ್ನ ಕಣ್ಣು ಮಾತ್ರ ಆ ಸೊನ್ನೆಗಳ ಮೇಲೇ ನಿಂತಿತು.

ಊಟದ ಸೊನ್ನೆ ಎಂದರೇನು ಎಂದು ನಿಮಗೆ ನಾನು ಹೇಳಬೇಕಾಗಿಲ್ಲ. ರಾತ್ರಿಯೇ ಪುಳಿಯೋಗರೆ ಗೊಜ್ಜು ಕುದಿಸಿಡಬೇಕು. ಬೆಳಗಿನ ಜಾವ ನಾಲ್ಕಕ್ಕೆ ಎದ್ದು ಚಪಾತಿ ಲಟ್ಟಿಸಬೇಕು. ಮಧ್ಯಾಹ್ನಕ್ಕೆ ಹುಳಿಯಾಗದಂತೆ ಮೊಸರನ್ನಕ್ಕೆ ಹಾಲು ಹೆಚ್ಚು, ಮೊಸರು ನೆಪಮಾತ್ರಕ್ಕೆ. ಖಾರ ತಿನ್ನದವನಿಗೆ ಬೇರೆ ಡಬ್ಬಿ. ಇಷ್ಟೆಲ್ಲ ಮುಗಿಸಿ ರೈಲಿನಲ್ಲಿ ಕೂತರೆ ಹೊಳೆನರಸೀಪುರ ಬರುವುದರೊಳಗೆ ತಲೆ ಕಿಟಕಿಗೆ ಒರಗಿರುತ್ತದೆ. ಮಕ್ಕಳು ಹೊಳೆ ನೋಡಿ ಕೂಗುವಾಗ ತಾಯಿ ನಿದ್ದೆಯಲ್ಲಿರುತ್ತಾಳೆ. 2019ರಲ್ಲಿ ಭಾರತ ಸರ್ಕಾರ ಒಂದು ಸಮೀಕ್ಷೆ ಮಾಡಿತು, ಜನ ದಿನದ ಹೊತ್ತನ್ನು ಹೇಗೆ ಕಳೆಯುತ್ತಾರೆ ಎಂದು. ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ಅದಕ್ಕೆ ದಿನಕ್ಕೆ ಸರಾಸರಿ 299 ನಿಮಿಷ ಕೊಡುತ್ತಾರಂತೆ, ಮಾಡುವ ಗಂಡಸರು 97 ನಿಮಿಷ. ಐದು ಗಂಟೆಗೆ ಒಂದು ನಿಮಿಷ ಕಡಿಮೆ! ಪ್ರವಾಸದ ದಿನ ಆ ಒಂದು ನಿಮಿಷವೂ ಸೇರಿಕೊಳ್ಳುತ್ತದೆ ಎಂದು ನನ್ನ ಅಂದಾಜು.

ಕಟ್ಟಿಕೊಂಡು ಹೋಗುವುದೇ ತಪ್ಪೆಂದು ನಾನು ಹೇಳುತ್ತಿಲ್ಲ. ರೈಲಿನಲ್ಲಿ ಡಬ್ಬಿ ಬಿಚ್ಚುವ ಸುಖ ಬೇರೆಯೇ. ಸೊನ್ನೆ ಎಂದು ಬರೆಯುವುದಕ್ಕಷ್ಟೇ ನನ್ನ ತಕರಾರು. ಸೊನ್ನೆ ಎಂದು ಬರೆದದ್ದಕ್ಕೆ ಯಾರೂ ಕೃತಜ್ಞರಾಗಿರಬೇಕಿಲ್ಲ, ಯಾರೂ ಅದನ್ನು ಹಂಚಿಕೊಳ್ಳಬೇಕೂ ಇಲ್ಲ. ಕೊನೆಗೆ ಬೆಳಗಿನದು ಮಾತ್ರ ಮನೆಯಿಂದ, ಮಧ್ಯಾಹ್ನ ಹೋಟೆಲು ಎಂದಾಯಿತು. ಚೀಟಿಯಲ್ಲಿ ಒಂದು ಸಾಲು ಹೆಚ್ಚಾಯಿತು, ನನಗೆ ಒಂದೂವರೆ ಗಂಟೆ ನಿದ್ದೆ ಸಿಕ್ಕಿತು.

ರೂಮಿನ ಸೊನ್ನೆ ಇನ್ನೂ ಸೂಕ್ಷ್ಮದ್ದು. ಮೈಸೂರಿನಲ್ಲಿ ನಮ್ಮ ಭಾವನವರ ಮನೆಯಿದೆ. ಅಲ್ಲಿಗೆ ಹೋಗದೆ ಲಾಡ್ಜಿನಲ್ಲಿ ಇಳಿದರೆ ಅದೊಂದು ದೊಡ್ಡ ಮನಸ್ತಾಪ. ಆದರೆ ಓರಗಿತ್ತಿಗೆ ಭಾನುವಾರವೆಂದರೆ ವಾರದ ಬಟ್ಟೆ ಒಗೆಯುವ ದಿನ, ತಲೆಗೆ ಎಣ್ಣೆ ಹಚ್ಚಿಕೊಳ್ಳುವ ದಿನ, ಏಳು ಗಂಟೆಯವರೆಗೆ ಮಲಗಬಹುದಾದ ಒಂದೇ ದಿನ. ನಾವು ನಾಲ್ವರು ಹೋಗಿ ಕೂತರೆ ಆರಕ್ಕೇ ದೋಸೆಯ ಕಾವಲಿ ಒಲೆಗೇರುತ್ತದೆ. ‘ಯಾಕಕ್ಕಾ ಇಷ್ಟು ಬೇಗ?’ ಎಂದರೆ, ‘ಮಕ್ಕಳು ಹಸಿದುಕೊಂಡಿರ್ತವೆ, ನೀನು ಸುಮ್ಮನಿರೇ’ ಎನ್ನುತ್ತಾರೆ. ನಮ್ಮ ರಜೆ ಅವರ ರಜೆಯನ್ನು ತಿಂದೇ ಬೆಳೆಯುತ್ತದೆ. ನೆಂಟಸ್ತಿಕೆಯಲ್ಲಿ ಇದೆಲ್ಲ ಇದ್ದದ್ದೇ, ನಾಳೆ ಅವರೂ ಹಾಸನಕ್ಕೆ ಬರುತ್ತಾರಲ್ಲ ಎಂದು ನೀವು ಹೇಳಬಹುದು. ನಿಜವೇ. ಆದರೆ ಆ ಸಾಲ ತೀರುವುದೂ ಹೆಂಗಸಿನಿಂದ ಹೆಂಗಸಿಗೇ, ಒಂದು ಅಡಿಗೆಮನೆಯಿಂದ ಇನ್ನೊಂದಕ್ಕೇ ಎಂಬುದನ್ನು ಗಮನಿಸಿದ್ದೀರಾ? ಅಣ್ಣತಮ್ಮಂದಿರು ಹೊರಗೆ ಕೂತು ರಾಜಕೀಯ ಮಾತಾಡುವುದು ಎರಡೂ ಊರಲ್ಲಿ ಒಂದೇ.

ಭಾನುವಾರ ಸಂಜೆ ದೀಪ ನೋಡಲು ಅವರನ್ನೂ ಹೊರಡಿಸಿದೆ. ಮೈಸೂರಿನಲ್ಲೇ ಹನ್ನೊಂದು ವರ್ಷದಿಂದ ಇದ್ದಾರೆ. ಬಂದ ನೆಂಟರನ್ನೆಲ್ಲ ಅರಮನೆಗೆ ಕಳಿಸಿ, ವಾಪಸು ಬರುವುದರೊಳಗೆ ಸಾರು ಬಿಸಿ ಮಾಡಿಟ್ಟವರು. ಒಂದು ಲಕ್ಷದ ಹತ್ತಿರ ಬಲ್ಬುಗಳು ಒಮ್ಮೆಲೇ ಹತ್ತಿಕೊಂಡಾಗ ಮಕ್ಕಳು ಕಿರುಚಿದರು. ಅಕ್ಕ ಏನೂ ಮಾತಾಡಲಿಲ್ಲ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ನಿಂತೇ ಇದ್ದರು. ಆಮೇಲೆ ‘ರಾತ್ರಿಗೆ ಅನ್ನ ಇಟ್ಟೇ ಇಲ್ಲ ಕಣೇ’ ಎಂದರು. ಭಾವ ‘ಇಲ್ಲೇ ಏನಾದರೂ ತಿನ್ನೋಣ’ ಎಂದದ್ದು ನನಗೆ ದೀಪಕ್ಕಿಂತ ಹೆಚ್ಚಿನ ಆಶ್ಚರ್ಯ.

ಇನ್ನೊಂದು ಸೊನ್ನೆಯಿತ್ತು. ಅದನ್ನು ಹೊರಡುವ ಹಿಂದಿನ ದಿನ ನಮ್ಮ ಬೀದಿಯ ಹಿರಿಯರೊಬ್ಬರು ಸೂಚಿಸಿದರು. ರೈಲಿನಲ್ಲಿ ಐದು ತುಂಬಿದರೆ ಅರ್ಧ ಟಿಕೆಟ್ಟು. ನಮ್ಮ ಸರ್ಕಾರಿ ಬಸ್ಸಿನಲ್ಲಿ ಆರು ತುಂಬುವವರೆಗೆ ಟಿಕೆಟ್ಟಿಲ್ಲ. ಹೀಗಾಗಿ ನನ್ನ ಮಗಳು ರೈಲಿನಲ್ಲಿ ಅರ್ಧ ದೊಡ್ಡವಳು, ಬಸ್ಸಿನಲ್ಲಿ ಪೂರ್ತಿ ಮಗು. ‘ಸಣ್ಣ ಮೈ ಅವಳದು, ನಾಲ್ಕು ಅನ್ನಿ, ಯಾರು ಕೇಳ್ತಾರೆ?’ ಎಂದರು ಅವರು. ಕೆಡುಕಿಗೆ ಹೇಳಿದ್ದಲ್ಲ. ನಾಲ್ಕು ಮಕ್ಕಳನ್ನು ಒಂದು ಸಂಬಳದಲ್ಲಿ ಸಾಕಿದ ಹೆಂಗಸು. ಆ ಕಾಲದಲ್ಲಿ ಒಂದು ಅರ್ಧ ಟಿಕೆಟ್ಟು ಎಂದರೆ ಎರಡು ದಿನದ ತರಕಾರಿ. ಅವರು ಹೇಳಿದ ಸುಳ್ಳನ್ನು ಅಳೆಯುವ ತಕ್ಕಡಿ ನನ್ನ ಹತ್ತಿರ ಇಲ್ಲ.

ಆದರೂ ಆ ಮಾತು ತಲೆಯಲ್ಲಿ ಸುತ್ತುತ್ತಲೇ ಇತ್ತು. ಗೆರೆ ಎಲ್ಲಿ ಎಳೆದರೂ ಅದು ಹೇಗೋ ಎಳೆದದ್ದೇ. ಒಬ್ಬರಿಗೆ ಐದು, ಒಬ್ಬರಿಗೆ ಆರು. ಇಂಥ ಗೆರೆಯನ್ನು ಒಂದಿಷ್ಟು ಸರಿಸಿದರೆ ಯಾವ ಧರ್ಮ ಮುರಿಯಿತು? ಯೋಚಿಸಿದಾಗ ನನಗೆ ಹೊಳೆದದ್ದು ಇದು. ಜನರಲ್ ಟಿಕೆಟ್ಟಿನ ಕಿಟಕಿಯಲ್ಲಿ ನಮ್ಮನ್ನು ಯಾರೂ ಜನನ ಪತ್ರ ಕೇಳುವುದಿಲ್ಲ. ನಾವು ಹೇಳಿದ್ದನ್ನು ನಂಬುತ್ತಾರೆ. ರೇಷನ್ನಿಗೆ, ಶಾಲೆಗೆ, ಬ್ಯಾಂಕಿಗೆ ಎಲ್ಲದಕ್ಕೂ ಆಧಾರ್ ಹಿಡಿದು ನಿಲ್ಲುವ ಸಾಮಾನ್ಯ ಹೆಂಗಸಿನ ಬಾಯಿಮಾತನ್ನೇ ಪುರಾವೆ ಎಂದು ಒಪ್ಪುವ ಜಾಗಗಳು ಎಷ್ಟು ಉಳಿದಿವೆ? ಆ ನಂಬಿಕೆಯನ್ನು ಅರ್ಧ ಟಿಕೆಟ್ಟಿಗೆ ಮಾರಿಕೊಳ್ಳುವುದು ನನಗೆ ಬಹಳ ಅಗ್ಗದ ವ್ಯಾಪಾರವಾಗಿ ಕಂಡಿತು.

ಅದಕ್ಕಿಂತ ಹೆಚ್ಚಾಗಿ, ಆ ವಯಸ್ಸು ನನ್ನದಲ್ಲ. ಐದಾಗುವುದಕ್ಕೆ ಮಗಳು ಒಂದು ವರ್ಷ ಕಾದಿದ್ದಳು. ಕ್ಯಾಲೆಂಡರಿನಲ್ಲಿ ಬೆರಳಿಟ್ಟು ಎಣಿಸಿದ್ದಳು. ಶಾಲೆಯಲ್ಲಿ ಪುಣ್ಯಕೋಟಿಯ ಹಾಡು ಕಲಿತು ಬಂದು ಹುಲಿಯ ಭಾಗ ಬಂದಾಗ ಅಳುವವಳು. ಅವಳ ಕೈ ಹಿಡಿದುಕೊಂಡು ‘ನಾಲ್ಕು’ ಎಂದರೆ ಅವಳು ಕಲಿಯುವುದು ಸುಳ್ಳನ್ನಲ್ಲ, ಅದು ಹೇಗೂ ಬರುತ್ತದೆ. ಚಿಕ್ಕವಳಾಗಿದ್ದರೆ ಮನೆಯವರಿಗೆ ಲಾಭ ಎಂಬುದನ್ನು. ಹೆಣ್ಣುಮಗುವಿಗೆ ಅದನ್ನು ಕಲಿಸುವವರು ಮುಂದೆ ಬೇಕಾದಷ್ಟು ಜನ ಸಿಗುತ್ತಾರೆ. ನಾನೇ ಮೊದಲಿನವಳಾಗಬೇಕೆ? ಅರ್ಧ ಟಿಕೆಟ್ಟು ಕೊಂಡೆವು. ಅದನ್ನು ಮೈಸೂರಿನವರೆಗೂ ಅವಳೇ ಹಿಡಿದುಕೊಂಡು ಬಂದಳು, ತುದಿಯೆಲ್ಲ ಬೆವರಿಗೆ ಮೆತ್ತಗಾಗಿತ್ತು.

ಮೃಗಾಲಯದ ಹೊರಗೆ ಬಲೂನು, ಐಸ್‌ಕ್ರೀಮು, ಬ್ಯಾಟರಿಯ ನಾಯಿಮರಿ. ಇಂಥಲ್ಲಿ ನಾವು ಸಾಮಾನ್ಯವಾಗಿ ‘ಅದು ಚೆನ್ನಾಗಿಲ್ಲ’, ‘ಶೀತ ಆಗುತ್ತೆ’, ‘ಆ ಅಂಗಡಿ ಮುಚ್ಚಿದೆ’ ಎನ್ನುತ್ತೇವೆ. ದುಡ್ಡಿಲ್ಲ ಎಂದು ಮಗುವಿಗೆ ಹೇಳಬಾರದು, ಮನಸ್ಸಿಗೆ ಭಾರವಾಗುತ್ತದೆ ಎಂದು ತಿಳಿದವರು ಹೇಳುತ್ತಾರೆ. ಇರಬಹುದು. ಸಾಲದ ಕಷ್ಟವನ್ನೆಲ್ಲ ಐದು ವರ್ಷದ ಕಿವಿಗೆ ಸುರಿಯುವುದು ಕ್ರೌರ್ಯವೇ. ಆದರೆ ಮಗು ಆಸೆಪಟ್ಟ ಒಳ್ಳೆಯ ವಸ್ತುವನ್ನು ಕೆಟ್ಟದ್ದೆಂದು ಹೇಳಿದರೆ, ತನ್ನ ಕಣ್ಣನ್ನೇ ನಂಬಬಾರದು ಎಂದು ಹೇಳಿದಂತಾಗುವುದಿಲ್ಲವೇ? ನಾವು ಹೊರಡುವ ಮೊದಲೇ ಇಬ್ಬರಿಗೂ ಐವತ್ತೈವತ್ತು ರೂಪಾಯಿ ಎಂದು ಹೇಳಿ ತೆಗೆದಿಟ್ಟೆವು. ಮಗ ಮೊದಲ ಬಲೂನಿಗೇ ಸೋತ. ಮಗಳು ಎರಡು ದಿನ ಎಲ್ಲವನ್ನೂ ನಿಂತು ನೋಡಿದಳು, ಬೆಲೆ ಕೇಳಿದಳು, ಮುಂದೆ ನಡೆದಳು. ಅವಳು ಇಷ್ಟು ಎಳೆಯದರಲ್ಲೇ ಲೆಕ್ಕ ಹಾಕುತ್ತಾಳಲ್ಲ ಎಂದು ನನಗೆ ಸಂಕಟವೂ ಆಯಿತು, ಸುಳ್ಳು ಹೇಳುತ್ತಿಲ್ಲ. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿಲ್ಲ. ಆ ಐವತ್ತರ ನೋಟು ಮಡಿಕೆಯೂ ಬಿಚ್ಚದೆ ಅವಳ ಜೇಬಿನಲ್ಲೇ ಹಾಸನಕ್ಕೆ ಬಂತು.

ವಾಪಸು ಬರುವಾಗ ಬಸ್ಸಿನಲ್ಲಿ ಒಂದು ರಗಳೆ. 2023ರ ಜೂನ್ 11ರಿಂದ ನಮ್ಮ ರಾಜ್ಯದ ಹೆಂಗಸರಿಗೆ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಪ್ರಯಾಣ ಉಚಿತ. ದುಡ್ಡು ಕೊಡದಿದ್ದರೂ ಕಂಡಕ್ಟರು ಒಂದು ಚೀಟಿ ಕೊಡುತ್ತಾರೆ. ಅಪ್ಪನಿಗೆ ಚೀಟಿ, ಅಮ್ಮನಿಗೆ ಚೀಟಿ, ತನಗೆ ಮಾತ್ರ ಇಲ್ಲ. ರೈಲಿನವರು ಕೊಟ್ಟದ್ದನ್ನು ಇವರು ಯಾಕೆ ಕೊಡಲಿಲ್ಲ ಎಂದು ಮಗಳು ಅತ್ತಳು. ನನ್ನದನ್ನೇ ಕೊಟ್ಟೆ. ತಿರುಗಿಸಿ ತಿರುಗಿಸಿ ನೋಡಿ, ‘ಇಲ್ಲಿ ಸೊನ್ನೆ ಬರೆದಿದೆ, ನಿನ್ನ ದುಡ್ಡು ಯಾರು ಕೊಟ್ರು?’ ಎಂದಳು. ಸರ್ಕಾರ ಎಂದೆ. ಸರ್ಕಾರಕ್ಕೆ ಯಾರು ಕೊಟ್ರು ಎಂದಳು. ಮುಂದಿನ ಸೀಟಿನಿಂದ ಅವರಪ್ಪ, ‘ನಾನೇ’ ಎಂದರು. ನಾನು ಇನ್ನೂ ಏನು ಹೇಳಬೇಕೆಂದು ಯೋಚಿಸುತ್ತಿದ್ದೆ, ಬಸ್ಸು ಬಿಳಿಕೆರೆ ದಾಟಿತು, ಅವಳು ನಿದ್ದೆ ಹೋಗಿದ್ದಳು.