ತ್ಯಾಗ ಮಾಡಿದವರಿಗೆ ಆಳುವ ಹಕ್ಕುಂಟೆ?

ಬಾಂಗ್ಲಾದೇಶದ ವಿದ್ಯಾರ್ಥಿಗಳು 2024ರ ಜುಲೈಯಲ್ಲಿ ಬೀದಿಗಿಳಿದದ್ದು ಒಂದು ಮೀಸಲಾತಿಯ ವಿರುದ್ಧ. 1971ರ ವಿಮೋಚನಾ ಹೋರಾಟಗಾರರ ಮಕ್ಕಳು ಮೊಮ್ಮಕ್ಕಳಿಗೆ ಸರ್ಕಾರಿ ನೌಕರಿಯಲ್ಲಿ ಶೇ. 30ರಷ್ಟು ಪಾಲು ಕಾದಿರಿಸುವ ಪದ್ಧತಿಯನ್ನು 2018ರಲ್ಲಿ ಕೈಬಿಡಲಾಗಿತ್ತು. ಹೈಕೋರ್ಟು ಅದಕ್ಕೆ ಮತ್ತೆ ಜೀವ ಕೊಟ್ಟಿತು. ಆ ಕಿಡಿ ದೇಶವನ್ನೇ ಹೊತ್ತಿಸಿತು. ಆಗಸ್ಟ್ 5ರಂದು ಪ್ರಧಾನಿ ಶೇಖ್ ಹಸೀನಾ ದೇಶ ಬಿಟ್ಟರು. ಜುಲೈ 1ರಿಂದ ಆಗಸ್ಟ್ 15ರವರೆಗೆ 1,400ರಷ್ಟು ಜನ ಸತ್ತಿರಬಹುದೆಂದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿ ಅಂದಾಜು ಮಾಡಿದೆ. 2025ರ ಫೆಬ್ರವರಿ 28ರಂದು ಆ ಚಳವಳಿಯ ಮುಂದಾಳುಗಳೇ ನ್ಯಾಷನಲ್ ಸಿಟಿಜನ್ ಪಾರ್ಟಿ ಕಟ್ಟಿದರು. ಅದನ್ನು ನಡೆಸಲೆಂದು ಅವರಲ್ಲೊಬ್ಬರಾದ ನಾಹಿದ್ ಇಸ್ಲಾಂ ಮಧ್ಯಂತರ ಸರ್ಕಾರದ ಹುದ್ದೆ ಬಿಟ್ಟು ಬಂದರು. ಅಜ್ಜನ ತ್ಯಾಗಕ್ಕೆ ಮೊಮ್ಮಗನಿಗೇಕೆ ನೌಕರಿ ಎಂದು ಕೇಳಿ ಎದ್ದವರು, ಜುಲೈಯಲ್ಲಿ ಮಡಿದವರನ್ನು ನೆನೆದು ಮತ ಕೇಳುವ ಜಾಗಕ್ಕೆ ಏಳೇ ತಿಂಗಳಲ್ಲಿ ಬಂದು ನಿಂತರು. ಅವರನ್ನು ಹಂಗಿಸಲು ನನಗೆ ಮನಸ್ಸಿಲ್ಲ. ತ್ಯಾಗದಿಂದ ಅಧಿಕಾರದ ಹಕ್ಕು ಹುಟ್ಟುತ್ತದೆಯೇ ಎಂಬ ಪ್ರಶ್ನೆ ಅವರದಷ್ಟೇ ಅಲ್ಲ. ಅದು ಧರ್ಮದ ಪ್ರಶ್ನೆ. ಕಾರವಾರ-ಅಂಕೋಲೆಯ ಕರಾವಳಿ ಅದನ್ನು ಮೈಮೇಲೆ ಎಳೆದುಕೊಂಡು ಅನುಭವಿಸಿದೆ.

1930ರ ಏಪ್ರಿಲ್ 13ರಂದು ಎಂ. ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯಲ್ಲಿ ಉಪ್ಪಿನ ಕಾಯಿದೆ ಮುರಿಯಲಾಯಿತು. ಅದರ ಬೆನ್ನಿಗೇ ಬಂದ ಕರನಿರಾಕರಣೆ ಉಪ್ಪಿಗಿಂತ ಬಲು ಕಠಿಣವಾದದ್ದು. ಉಪ್ಪು ಮಾಡಿದವನಿಗೆ ಜೈಲು, ಅಷ್ಟೆ. ಕಂದಾಯ ಕಟ್ಟದವನ ಮನೆಗೆ ಜಪ್ತಿ ಬರುತ್ತದೆ. ಅಂಕೋಲೆ, ಸಿದ್ದಾಪುರ ತಾಲೂಕುಗಳ ನೂರಾರು ಕುಟುಂಬಗಳು ತಲೆಮಾರುಗಳಿಂದ ಉಳುತ್ತ ಬಂದ ಭೂಮಿಯನ್ನು ಲಿಲಾವಿಗೆ ಬಿಟ್ಟವು, ಕಂದಾಯ ಮಾತ್ರ ಕಟ್ಟಲಿಲ್ಲ. ಸಿದ್ದಾಪುರದ ಕಡೆ, ಜಪ್ತಿಯಾದ ಆಸ್ತಿ ಕೊಂಡವರ ಮನೆಯೆದುರು ಹೆಂಗಸರು ಉಪವಾಸ ಕೂತರು. ಕರನಿರಾಕರಣೆಗೆ ಹೆಸರಾದ ಗುಜರಾತಿನ ಬಾರ್ಡೋಲಿಯನ್ನು ನೆನೆದು ಅಂಕೋಲೆಗೆ ಕರ್ನಾಟಕದ ಬಾರ್ಡೋಲಿ ಎಂಬ ಹೆಸರು ಬಂದದ್ದು ಹೀಗೆ. ಆ ಜನ ಮಾಡಿದ್ದು ತ್ಯಾಗವಲ್ಲವಾದರೆ ಆ ಮಾತಿಗೆ ಅರ್ಥವೇ ಇಲ್ಲ.

ಆದರೂ ಒಂದು ಮಾತು ಕೇಳಲೇಬೇಕು. ಕಂದಾಯ ಕಟ್ಟುವವನು ಖಾತೆದಾರ. ಗೇಣಿ ಅಳೆಯುವ ಒಕ್ಕಲಿನ ಹೆಸರಲ್ಲಿ ಜಪ್ತಿಯಾಗಲು ಜಮೀನೇ ಇರುವುದಿಲ್ಲ. ಗಜನಿಯ, ಅಂದರೆ ಉಪ್ಪುನೀರಿನ ಗದ್ದೆಯ, ಕೆಸರಲ್ಲಿ ಸೊಂಟದವರೆಗೆ ಹೂತು ದುಡಿದು, ಬೆಳೆದದ್ದನ್ನು ಧಣಿಯ ಅಂಗಳಕ್ಕೆ ಹೊತ್ತು ಹಾಕುವವನು, ಹೊಲ ಲಿಲಾವಾದಾಗ ಹೊಟ್ಟೆಗೇ ಎರವಾದರೂ ತ್ಯಾಗಿಗಳ ಪಟ್ಟಿಗೆ ಸೇರುವುದಿಲ್ಲ. ತ್ಯಾಗವನ್ನು ಹಕ್ಕಿನ ಅಳತೆಗೋಲು ಮಾಡಿಕೊಂಡರೆ, ಕಳೆದುಕೊಳ್ಳಲು ಏನಾದರೂ ಇದ್ದವರು ಮಾತ್ರ ಲೆಕ್ಕಕ್ಕೆ ಸಿಗುತ್ತಾರೆ. ಆ ಒಕ್ಕಲುಗಳನ್ನು ದಿನಕರ ದೇಸಾಯಿಯವರು ಸಂಘಟಿಸಿದಾಗ, 1940ರಲ್ಲಿ ಬ್ರಿಟಿಷ್ ಸರ್ಕಾರ ದೇಸಾಯಿಯವರನ್ನು ಉತ್ತರ ಕನ್ನಡ ಜಿಲ್ಲೆಯಿಂದಲೇ ಗಡಿಪಾರು ಮಾಡಿತು. ಅಂದರೆ ಕರನಿರಾಕರಣೆಯ ನೆನಪು ಇನ್ನೂ ಹಸಿಯಾಗಿದ್ದ ನೆಲದಲ್ಲೇ ಒಕ್ಕಲುಗಳ ನ್ಯಾಯಕ್ಕಾಗಿ ಇನ್ನೊಂದು ಹೋರಾಟ ಬೇಕಾಯಿತು. ಢಾಕಾದಲ್ಲೂ ಗುಂಡಿಗೆ ಬಿದ್ದವರೆಲ್ಲ ವಿಶ್ವವಿದ್ಯಾಲಯದವರಲ್ಲ. ರಿಕ್ಷಾ ಎಳೆಯುವವರು, ಕೂಲಿಯವರು, ಮಕ್ಕಳೂ ಇದ್ದರು. ಚಳವಳಿ ವಿದ್ಯಾರ್ಥಿಗಳದೆಂದು ಹೆಸರಾಯಿತು, ಪಕ್ಷವೂ ಅವರದೇ ಆಯಿತು.

ನಮ್ಮ ಧರ್ಮವಿಚಾರ ಇಲ್ಲಿ ಮೆತ್ತಗೆ ಮಾತಾಡುವುದಿಲ್ಲ. ಪ್ರತಿಫಲದ ಮೇಲೆ ಕಣ್ಣಿಟ್ಟು ಕೊಟ್ಟ ದಾನವನ್ನು ಗೀತೆಯ ಹದಿನೇಳನೆಯ ಅಧ್ಯಾಯ ರಾಜಸದ ಸಾಲಿಗೆ ಸೇರಿಸುತ್ತದೆ. ಶರಣರ ದಾಸೋಹ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ನಾನು ಕೊಟ್ಟೆನೆಂಬ ಭಾವವನ್ನೇ ಬಿಡಿಸುತ್ತದೆ. ಕೊಟ್ಟವನ ಹೆಸರು ವಸ್ತುವಿನ ಮೇಲೆ ಉಳಿದರೆ ಅದು ಕೊಟ್ಟಂತಾಗಲಿಲ್ಲ. ಈ ಮಾತನ್ನು ರಾಜಕೀಯಕ್ಕೆ ತಂದರೆ ತಿಳಿಯುವುದಿಷ್ಟು: ಸತ್ತವರು ತಮ್ಮ ಪ್ರಾಣವನ್ನು ಕೊಟ್ಟದ್ದು ದೇಶಕ್ಕೆ. ಬದುಕುಳಿದ ಗೆಳೆಯರಿಗೆ ಅದರ ಮೇಲೆ ವಾರಸುದಾರಿಕೆ ಇಲ್ಲ. ಅವರಿಗೆ ಉಳಿಯುವುದು ಹೊಣೆ, ಮತ್ತು ಆ ಹೊಣೆಯನ್ನು ಹೊತ್ತಿದ್ದೇವೆಂದು ದಿನದಿನವೂ ಜನರ ಮುಂದೆ ತೋರಿಸಬೇಕಾದ ಕಷ್ಟ.

ಹಾಗಾದರೆ ಹೋರಾಡಿದವರು ಮನೆಗೆ ಹೋಗಬೇಕೇ, ಹಣ್ಣನ್ನು ಹಳೆಯ ಪಕ್ಷಗಳು ಕಿತ್ತುಕೊಳ್ಳಲಿ ಎಂದು ಬಿಡಬೇಕೇ ಎಂಬ ಆಕ್ಷೇಪ ನ್ಯಾಯವಾದದ್ದು. ಕಾಂಗ್ರೆಸ್ಸನ್ನು ವಿಸರ್ಜಿಸಿ ಲೋಕಸೇವಕ ಸಂಘ ಮಾಡಿರೆಂದು ಗಾಂಧೀಜಿ ಸಾಯುವ ಹಿಂದಿನ ದಿನ, 1948ರ ಜನವರಿ 29ರಂದು, ಬರೆದರು. ನನಗೆ ಅದು ಪೂರ್ತಿ ಒಪ್ಪಿಗೆಯಾಗುವುದಿಲ್ಲ. ಹೋರಾಡಿದವರೆಲ್ಲ ಸೇವೆಗೆ ಹೋದರೆ ಕಾನೂನು ಮಾಡುವವರು ಯಾರು? ಗೇಣಿದಾರನಿಗೆ ಭೂಮಿ ಬಂದದ್ದು ವಿಧಾನಸಭೆ ಮಾಡಿದ ಕಾಯಿದೆಯಿಂದ. ಗೀತೆಯೂ ಅರ್ಜುನನಿಗೆ ಫಲ ಬಿಡು ಎಂದಿತೇ ಹೊರತು ರಣರಂಗ ಬಿಡು ಎನ್ನಲಿಲ್ಲ. 1883ರಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಜತೆ ಕಾರವಾರದಲ್ಲಿದ್ದ ತರುಣ ರವೀಂದ್ರನಾಥ ಠಾಕೂರರು ಅಲ್ಲಿಯೇ ಬರೆದ ನಾಟಕ ‘ಪ್ರಕೃತಿರ್ ಪ್ರತಿಶೋಧ್’. ಜಗತ್ತನ್ನು ಗೆದ್ದೆನೆಂದು ಗವಿಯಲ್ಲಿ ಕೂತ ಸನ್ಯಾಸಿಯೊಬ್ಬ ಅದರಲ್ಲಿ ಅನಾಥ ಹುಡುಗಿಯ ಪ್ರೀತಿಗೆ ಹೆದರಿ ಓಡುತ್ತಾನೆ. ಮನಸ್ಸು ಕರಗಿ ಮರಳುವ ಹೊತ್ತಿಗೆ ಅವಳಿಲ್ಲ.  ತಾನು ಮಲಿನವಾಗಬಾರದೆಂದು ದೂರ ಸರಿಯುವುದೂ ಒಂದು ಸ್ವಾರ್ಥ, ಅದರ ಬೆಲೆಯನ್ನು ಬೇರೆಯವರು ತೆರುತ್ತಾರೆ. ಆದ್ದರಿಂದ ಪಕ್ಷ ಕಟ್ಟಬೇಡಿ ಎಂದು ಯಾರೂ ಆ ಹುಡುಗರಿಗೆ ಹೇಳಬಾರದು.

ಕಟ್ಟುವ ಪಕ್ಷ ಯಾವುದರ ಮೇಲೆ ನಿಲ್ಲಬೇಕೆಂಬುದೇ ಪ್ರಶ್ನೆ. ಅಸ್ಸಾಮಿನಲ್ಲಿ ಆರು ವರ್ಷ ಚಳವಳಿ ನಡೆಸಿದ ವಿದ್ಯಾರ್ಥಿ ನಾಯಕರು 1985ರ ಆಗಸ್ಟಿನಲ್ಲಿ ಒಪ್ಪಂದಕ್ಕೆ ಸಹಿ ಹಾಕಿ, ಅಕ್ಟೋಬರಿನಲ್ಲಿ ಗೋಲಾಘಾಟದಲ್ಲಿ ಅಸ್ಸಾಂ ಗಣ ಪರಿಷತ್ ಕಟ್ಟಿ, ಡಿಸೆಂಬರಿನಲ್ಲಿ ಗೆದ್ದರು. ಪ್ರಫುಲ್ಲ ಕುಮಾರ ಮಹಂತ 33ರ ಹರೆಯದಲ್ಲಿ ಮುಖ್ಯಮಂತ್ರಿಯಾದರು. ಹುತಾತ್ಮರ ನೆನಪು ತಂದುಕೊಟ್ಟ ಆ ಗೆಲುವು 1991ರ ಚುನಾವಣೆಗೆ ಬರುವಷ್ಟರಲ್ಲಿ ಕರಗಿಹೋಗಿತ್ತು. ನಮ್ಮಲ್ಲಿ 1980ರ ನರಗುಂದ-ನವಲಗುಂದ ಬಂಡಾಯದ ಕಾವಿನಲ್ಲಿ ಬೆಳೆದ ರೈತ ಸಂಘವೂ ವಿಧಾನಸಭೆಗೆ ಬೆರಳೆಣಿಕೆಯ ಜನರನ್ನು ಕಳಿಸುವಷ್ಟರಲ್ಲಿ ಒಡೆದು ಹೋಳಾಯಿತು.

ಒಕ್ಕಲುಗಳನ್ನು ಸಂಘಟಿಸಿದ ದಿನಕರ ದೇಸಾಯಿಯವರ ದಾರಿ ಬೇರೆಯಾಗಿತ್ತು. ಸಾರ್ವಜನಿಕ ಬದುಕಿಗೆ ಅಧ್ಯಾತ್ಮದ ಶಿಸ್ತು ತರಬೇಕೆಂದು ಗೋಖಲೆಯವರು 1905ರಲ್ಲಿ ಕಟ್ಟಿದ ಭಾರತ ಸೇವಕ ಸಮಾಜದವರು ಅವರು. ಗಡಿಪಾರು ಮುಗಿದ ಮೇಲೆ ಅದನ್ನು ಎದೆಯ ಪದಕ ಮಾಡಿಕೊಳ್ಳದೆ 1953ರಲ್ಲಿ ಕೆನರಾ ವೆಲ್‌ಫೇರ್ ಟ್ರಸ್ಟ್ ಕಟ್ಟಿ ಊರೂರಿಗೆ ಹೈಸ್ಕೂಲು ತಂದರು; 1966ರಲ್ಲಿ ಅಂಕೋಲೆಗೆ ಗೋಖಲೆ ಶತಮಾನೋತ್ಸವ ಕಾಲೇಜು ಬಂತು. 1967ರಲ್ಲಿ ಪಕ್ಷೇತರರಾಗಿ ಲೋಕಸಭೆಗೆ ನಿಂತು ಗೆದ್ದರು. ಯಾವ ಕಾಂಗ್ರೆಸ್ಸಿನ ಕರೆಗೆ ಅಂಕೋಲೆಯ ಜನ ಭೂಮಿ ಕಳೆದುಕೊಂಡಿದ್ದರೋ ಅದೇ ಕಾಂಗ್ರೆಸ್ಸನ್ನು ಅಂದು ಈ ಜಿಲ್ಲೆ ಸೋಲಿಸಿತು. ಅದನ್ನು ಕೃತಘ್ನತೆ ಎನ್ನಲಾಗದು. ಮತದಾರರು 1930ರ ಋಣವನ್ನು ಮರೆಯದೆಯೂ, ಆ ಋಣಕ್ಕೂ ಅಂದಿನ ಮತಕ್ಕೂ ಸಂಬಂಧ ಕಲ್ಪಿಸಲು ಒಪ್ಪಲಿಲ್ಲ.

ಒಬ್ಬ ಪಕ್ಷೇತರ ಸಂಸದ ದಿಲ್ಲಿಯಲ್ಲಿ ಏನು ಬದಲಿಸಬಲ್ಲ, ಗಡಿಪಾರಿನಿಂದ ಗೆಲುವಿಗೆ 27 ವರ್ಷ ಕಾಯಲು ಯಾರಿಗೆ ಸಾಧ್ಯ ಎಂದರೆ, ಆ ಮಾತಿನಲ್ಲಿ ಹುರುಳಿದೆ. ಚುನಾವಣೆ ಕಾಯುವುದಿಲ್ಲ, ಪಕ್ಷವಿಲ್ಲದೆ ಶಾಸನವೂ ಆಗುವುದಿಲ್ಲ. ಅವಸರವಿದ್ದವರು ಅವಸರದಲ್ಲೇ ಪಕ್ಷ ಕಟ್ಟಲಿ. ಆದರೆ ಉಮೇದುವಾರರ ಪಟ್ಟಿ ಮಾಡುವಾಗ ಕ್ಯಾಂಪಸ್ಸಿನ ಹೊರಗೆ ಸತ್ತ ಕೂಲಿಯವನ ಓಣಿಗೂ ಹೋಗಲಿ, ಚಳವಳಿಯ ಮುಂಚೂಣಿಯಲ್ಲಿ ನಿಂತು ಆಮೇಲೆ ಹಿಂದೆ ಸರಿಸಲ್ಪಟ್ಟ ಹುಡುಗಿಯರನ್ನು ಕರೆಯಲಿ, ಅಕ್ಕಿಯ ಬೆಲೆಗೂ ಕೂಲಿಯ ದರಕ್ಕೂ ತಮ್ಮ ಉತ್ತರವೇನೆಂದು ಬರೆದುಕೊಡಲಿ. ಸೋತರೆ, ನಮ್ಮ ರಕ್ತಕ್ಕೆ ಬೆಲೆಯಿಲ್ಲವಾಯಿತೆಂದು ಜನರನ್ನು ದೂರದೆ ಮುಂದಿನ ಐದು ವರ್ಷ ಅದೇ ಓಣಿಯಲ್ಲಿ ಕೆಲಸ ಮಾಡಲಿ.